ಟೈಟಾನಿಯಂ ಬೋಲ್ಟು ಮೀಮಾಂಸೆ ಅಥವಾ ಡರ್ಟ್ ಬೈಕಿನ ಲಾಘವ ಪ್ರಕರಣ

ಶಾಸ್ತ್ರಗ್ರಂಥ ಯಾವುದೇ ಇರಲಿ, ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಂದುವರಿಯಬೇಕೆಂಬುದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಇವೆರಡಕ್ಕೂ ಸಂಬಂಧವೇನು, ಓದುವ ಅಧಿಕಾರ ಯಾರಿಗೆ. ಪ್ರಸ್ತುತ ಗ್ರಂಥದ ವಿಷಯ, ಡರ್ಟ್ ಬೈಕಿನ ಉಕ್ಕಿನ ಬೋಲ್ಟುಗಳನ್ನು ಬಿಚ್ಚಿ ಆ ಜಾಗಕ್ಕೆ ಟೈಟಾನಿಯಂ ಬೋಲ್ಟುಗಳನ್ನು ಹಾಕುವುದು. ಪ್ರಯೋಜನ, ಲಾಘವ, ಎಂದರೆ ಬೈಕು ಹಗುರಾಗುವುದು. ಸಂಬಂಧದ ವಿಚಾರ ತುಸು ತೊಡಕಿನದಾದ್ದರಿಂದ ಮುಂದಕ್ಕೆ ಹಾಕಿದ್ದೇವೆ. ಅಧಿಕಾರದ ಬಗ್ಗೆ ಮಾತ್ರ ಸಂಶಯವಿಲ್ಲ. ಯಾವನು ನೆಟ್ಟಗಿರುವ ಬೋಲ್ಟನ್ನು ಬಿಚ್ಚಲು ಅಳುಕುವುದಿಲ್ಲವೋ, ಯಾವನ ಬಳಿ ಎಂಟರ ಟಿ-ಸ್ಪ್ಯಾನರೂ ಗ್ರಾಂ ತೋರಿಸುವ ತಕ್ಕಡಿಯೂ ಇವೆಯೋ, ರೇಸಿನಲ್ಲಿ ಹದಿನೇಳನೆಯವನಾಗಿ ಬಂದದ್ದಕ್ಕೆ ಬೈಕಿನ ತೂಕವೇ ಕಾರಣವೆಂದು ಯಾವನು ಮನಸಾ ನಂಬಿದ್ದಾನೋ, ಅವನು ಅಧಿಕಾರಿ. ಗೆಲ್ಲುವವರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಅವರ ಬೋಲ್ಟುಗಳನ್ನು ಅವರ ಕಂಪನಿಯೇ ನೋಡಿಕೊಳ್ಳುತ್ತದೆ.

ಮೊದಲು ಲೋಹಲಕ್ಷಣ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಹೊಳೆದಂಡೆಯ ಕಪ್ಪು ಮರಳನ್ನು ಪರೀಕ್ಷಿಸುತ್ತಾ ಈವರೆಗೆ ಕಾಣದ ಲೋಹವೊಂದು ಇದರಲ್ಲಿದೆ ಎಂದು ಗುರುತಿಸಿದ. 1795ರಲ್ಲಿ ಜರ್ಮನಿಯ ಕ್ಲಾಪ್ರೋತ್ ಅದಕ್ಕೆ ಟೈಟಾನಿಯಂ ಎಂದು ಹೆಸರಿಟ್ಟ. ಶುದ್ಧ ರೂಪದಲ್ಲಿ ಲೋಹ ಕೈಗೆ ಸಿಕ್ಕಿದ್ದು 1910ರಲ್ಲಿ, ಅಮೆರಿಕದ ಮ್ಯಾಥ್ಯೂ ಹಂಟರ್‌ಗೆ. ನಾಮಕರಣವಾಗಿ 115 ವರ್ಷಗಳ ಮೇಲೆ ಕೂಸು ಹುಟ್ಟಿದ ಪ್ರಸಂಗ ಪುರಾಣಗಳಲ್ಲೂ ಅಪರೂಪ. ಆಮೇಲೆ ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ ಮೆಗ್ನೀಸಿಯಂ ಬಳಸಿ ಇದನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ದಾರಿ ತೋರಿಸಿದ. ಇವತ್ತಿಗೂ ಬಹುಮಟ್ಟಿಗೆ ಅದೇ ದಾರಿ. ದಾರಿ ದುಬಾರಿ. ಬೋಲ್ಟಿನ ಬೆಲೆಗೆ ಅಂಗಡಿಯವನನ್ನು ಬೈಯುವ ಮುನ್ನ ಕ್ರೋಲ್ ಮಹಾಶಯನನ್ನು ನೆನೆಯುವುದು ನ್ಯಾಯ.

ಅದಿರಿಗೇನೂ ಬರವಿಲ್ಲ. ಕೇರಳದ ಚವರಾ ತೀರದ ಕಪ್ಪು ಮರಳಿನಲ್ಲೇ ಇಲ್ಮೆನೈಟ್ ಧಾರಾಳವಾಗಿದೆ. ಅಲ್ಲಿ 2011ರಲ್ಲಿ, ರಾಕೆಟ್ಟು ವಿಮಾನಗಳ ಅಗತ್ಯಕ್ಕೆಂದು, ಟೈಟಾನಿಯಂ ಸ್ಪಾಂಜ್ ಕಾರ್ಖಾನೆಯೂ ಶುರುವಾಯಿತು. ಆದರೆ ಜಗತ್ತಿನಲ್ಲಿ ಅಗೆದು ತೆಗೆದ ಟೈಟಾನಿಯಂ ಅದಿರಿನ ಬಹುಪಾಲು ಲೋಹವಾಗುವುದೇ ಇಲ್ಲ. ಬಿಳಿ ಪುಡಿಯಾಗಿ ಬಣ್ಣದ ಡಬ್ಬಿ ಸೇರುತ್ತದೆ. ಹೀಗಾಗಿ ನಡುಮನೆಯ ಗೋಡೆಗೆ ಎರಡು ಕೋಟ್ ಬಿಳಿ ಪೇಂಟ್ ಹೊಡೆಸಿದ ಪ್ರತಿಯೊಬ್ಬ ಗೃಹಸ್ಥನೂ ಟೈಟಾನಿಯಂ ಖರೀದಿಸಿದವನೇ. ಗೋಡೆಗೆ ಬಳಿದರೆ ಗೃಹಕೃತ್ಯ, ಬೈಕಿಗೆ ಹಾಕಿದರೆ ದುಂದು ಎಂಬ ತಾರತಮ್ಯಕ್ಕೆ ಶಾಸ್ತ್ರಾಧಾರ ಎಲ್ಲಿದೆ? ಮನೆಯಲ್ಲಿ ಲೆಕ್ಕ ಕೇಳುವವರ ಮುಂದೆ ಈ ವಾದವನ್ನು ಪ್ರಯೋಗಿಸಬಹುದು. ಫಲಕ್ಕೆ ಗ್ರಂಥಕಾರ ಹೊಣೆಯಲ್ಲ.

ಇನ್ನು ಲಾಘವ. ಬೋಲ್ಟಿಗೆ ಒದಗುವುದು ಗ್ರೇಡ್ 5 ಎಂಬ ಮಿಶ್ರಲೋಹ: 6 ಪಾಲು ಅಲ್ಯುಮಿನಿಯಂ, 4 ಪಾಲು ವನೇಡಿಯಂ, ಮಿಕ್ಕಿದ್ದು ಟೈಟಾನಿಯಂ. ಒಂದು ಘನ ಸೆಂಟಿಮೀಟರಿಗೆ ಇದರ ತೂಕ 4.43 ಗ್ರಾಂ, ಉಕ್ಕಿನದು 7.85. ಎಂದರೆ ಒಂದು ಕಿಲೋ ಉಕ್ಕಿನ ಬೋಲ್ಟು ಬಿಚ್ಚಿ ಅದೇ ಗಾತ್ರದ ಟೈಟಾನಿಯಂ ಹಾಕಿದರೆ ಉಳಿತಾಯ 436 ಗ್ರಾಂ. ಇಲ್ಲಿ ಪೂರ್ವಪಕ್ಷ ಎತ್ತುವವರು ನಮ್ಮ ಗ್ಯಾರೇಜಿನ ಮೇಸ್ತ್ರಿಗಳು. ‘ಸಾರ್, ಅದಕ್ಕೆ ಟ್ಯಾಂಕಲ್ಲಿ ಅರ್ಧ ಲೀಟರ್ ಪೆಟ್ರೋಲ್ ಕಮ್ಮಿ ಹಾಕ್ಸಿ ಓಡ್ಸಿ. ದುಡ್ಡೂ ಉಳಿಯುತ್ತೆ.’ ಲೆಕ್ಕ ಹಾಕಿದರೆ 436 ಗ್ರಾಂ ಪೆಟ್ರೋಲೆಂದರೆ ಸುಮಾರು 590 ಮಿಲಿಲೀಟರ್. ಮೇಸ್ತ್ರಿಗಳ ಅಂದಾಜು ತಪ್ಪಿಲ್ಲ. ಆದರೂ ಪೂರ್ವಪಕ್ಷ ನಿಲ್ಲುವುದಿಲ್ಲ. ಏಕೆಂದರೆ ಪೆಟ್ರೋಲು ಓಡುತ್ತ ಓಡುತ್ತ ತಾನಾಗಿ ಹಗುರಾಗುತ್ತದೆ. ತಾನಾಗಿ ಆಗುವುದಕ್ಕೆ ಶಾಸ್ತ್ರವೇಕೆ? ಸವಾರ ಹೊಟ್ಟೆ ಕರಗಿಸಬಾರದೇ ಎಂಬ ಇನ್ನೊಂದು ಆಕ್ಷೇಪವನ್ನು ಅದರ ಹಳತನಕ್ಕಾಗಿಯೇ ತಳ್ಳಿಹಾಕಬೇಕು. ಹೊಟ್ಟೆ ಬಿಚ್ಚಿ ತೆಗೆಯುವ ಭಾಗವಲ್ಲ, ಅದಕ್ಕೆ ಬಿಡಿಭಾಗದ ನಂಬರಿಲ್ಲ. ಮಳೆಗಾಲದಲ್ಲಿ ಮಡ್‌ಗಾರ್ಡಿನ ಅಡಿಗೆ ಕೆಮ್ಮಣ್ಣು ಹತ್ತಿಕೊಂಡರೆ 436 ಗ್ರಾಂ ಮೊದಲ ತಿರುವಿನಲ್ಲೇ ವಾಪಸು ಬರುತ್ತದಲ್ಲ ಎಂಬ ಮೂರನೆಯ ಆಕ್ಷೇಪ ಉಂಟು. ಅದು ಬಲವಾದದ್ದು. ಆದ್ದರಿಂದ ಅದನ್ನು ಇಲ್ಲಿ ಚರ್ಚಿಸುವುದಿಲ್ಲ.

ಅರ್ಧ ಮಾತ್ರೆ ಉಳಿದರೆ ಗಂಡುಮಗು ಹುಟ್ಟಿದಷ್ಟು ಹಿಗ್ಗುತ್ತಿದ್ದರಂತೆ ನಮ್ಮ ವೈಯಾಕರಣರು. ಅರ್ಧ ಮಾತ್ರೆಯಿಂದ ಯಾರ ಓಟ ಜೋರಾಯಿತು ಎಂದು ಅವರನ್ನು ಯಾರೂ ಕೇಳಲಿಲ್ಲ. ನಂಬರ್ ಪ್ಲೇಟಿನ ಬೋಲ್ಟಿನಲ್ಲಿ ಮೂರು ಗ್ರಾಂ ಉಳಿಸಿ ರಾತ್ರಿಯೆಲ್ಲ ನಿದ್ದೆಗೆಟ್ಟ ಸವಾರನೂ ಅದೇ ಪರಂಪರೆಯವನು.

‘ಟೈಟಾನಿಯಂ ಉಕ್ಕಿಗಿಂತ ಗಟ್ಟಿ’ ಎಂದು ಮಾರುವವರು ಹೇಳುತ್ತಾರೆ. ಯಾವ ಉಕ್ಕಿಗಿಂತ? ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿದ್ದರೆ ಅದು ಕನಿಷ್ಠ 800 ಮೆಗಾಪಾಸ್ಕಲ್ ಎಳೆತ ತಡೆಯಬೇಕು, 10.9 ಎಂದಿದ್ದರೆ 1040. ಗ್ರೇಡ್ 5 ಟೈಟಾನಿಯಂ ಸುಮಾರು 900ರ ಆಸುಪಾಸು. ಎಂಟನೇ ಕ್ಲಾಸಿನವನಿಗೆ ಅಣ್ಣ, ಹತ್ತನೇ ಕ್ಲಾಸಿನವನಿಗೆ ತಮ್ಮ. ಈ ಸತ್ಯ ಗೊತ್ತಿಲ್ಲದೆ ಇಂಜಿನ್ ಮೌಂಟಿನ ಬೋಲ್ಟು ಬದಲಿಸಿದವರಿಗೆ ಗ್ರಂಥಕಾರ ಶುಭ ಕೋರುತ್ತಾನೆ.

ಈಗ ಇತಿಹಾಸ ಪ್ರಕರಣ. ಲಾಘವಮಾರ್ಗದ ಮಹಾಸಾಹಸ ನಡೆದದ್ದು 1966ರಲ್ಲಿ, ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಾರ್ಖಾನೆಯಲ್ಲಿ. ಅವರ ಸವಾರ ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ 500 ಸಿಸಿ ಮೋಟೋಕ್ರಾಸ್ ವಿಶ್ವಚಾಂಪಿಯನ್. ಗೆದ್ದ ಬೈಕನ್ನು ಹಾಗೆಯೇ ಬಿಡುವುದು ಸಾಮಾನ್ಯರ ಲಕ್ಷಣ. ಬಿಎಸ್‌ಎಯವರು ಬೋಲ್ಟಿಗೆ ತೃಪ್ತರಾಗದೆ ಇಡೀ ಫ್ರೇಮನ್ನೇ ಟೈಟಾನಿಯಂನಲ್ಲಿ ಮಾಡಿದರು. ತೂಕವೇನೋ ಇಳಿಯಿತು. ಆದರೆ ಈ ಲೋಹದ ಬಿಗಿ ಉಕ್ಕಿನದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಹೊಡೆತ ಬಿದ್ದಾಗ ಹೆಚ್ಚು ಬಾಗುತ್ತದೆ, ಬಾಗಿ ಬಾಗಿ ಬಿರುಕು ಬಿಡುತ್ತದೆ. ಬಿಟ್ಟರೆ ಬೆಸುಗೆ ಹಾಕೋಣವೆಂದರೆ, ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ ಸಾರಜನಕಗಳನ್ನು ಹೀರಿಕೊಂಡು ಪೆಡಸಾಗಿಬಿಡುತ್ತದೆ. ಆರ್ಗಾನ್ ಅನಿಲದ ಮರೆಯಲ್ಲೇ ಬೆಸೆಯಬೇಕು. ಯುರೋಪಿನ ಯಾವುದೋ ಕೆಸರುಗುಡ್ಡದ ಬದಿಯಲ್ಲಿ, ರೇಸಿನ ಮುಂಜಾನೆ, ಆರ್ಗಾನ್ ತುಂಬಿದ ಕೋಣೆ ಎಲ್ಲಿ ಹುಡುಕುವುದು? ಉಕ್ಕಿನ ಫ್ರೇಮ್ ಮುರಿದಿದ್ದರೆ ಪಕ್ಕದ ಹಳ್ಳಿಯಲ್ಲಿ ನೇಗಿಲಿಗೆ ಬೆಸುಗೆ ಹಾಕುವವನೇ ಸಾಕಿತ್ತು. ಆ ವರ್ಷದ ವಿಶ್ವಚಾಂಪಿಯನ್ ಪಟ್ಟ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್‌ಗೆ ಹೋಯಿತು. ಬೈಕು ಚೆಕೊಸ್ಲೊವಾಕಿಯಾದ ಸಿಝಡ್, ಟೂ-ಸ್ಟ್ರೋಕ್, ಸರಳ ಕಟ್ಟಡ. ಮುಂದಿನ ಎರಡು ವರ್ಷವೂ ಅವನೇ ಗೆದ್ದ. ಇಂಥ ಸಾಕ್ಷ್ಯಗಳು ಶಾಸ್ತ್ರದ ಬೆಳವಣಿಗೆಗೆ ಮಾರಕವಾದ್ದರಿಂದ ಪಠ್ಯದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸತಕ್ಕದ್ದು.

ಇಲ್ಲಿಂದ ನಿಷೇಧ ಪ್ರಕರಣ. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವಾದ ಎಫ್‌ಐಎಂನ ತಾಂತ್ರಿಕ ನಿಯಮ ಹೀಗಿದೆ: ಫ್ರೇಮ್, ಮುಂದಿನ ಫೋರ್ಕ್, ಹ್ಯಾಂಡಲ್‌ಬಾರ್, ಸ್ವಿಂಗ್‌ಆರ್ಮ್, ಅದರ ಕಡ್ಡಿ, ಚಕ್ರದ ಆಕ್ಸಲ್, ಇವುಗಳಲ್ಲಿ ಟೈಟಾನಿಯಂ ಕೂಡದು. ನಟ್ಟು ಬೋಲ್ಟುಗಳಿಗೆ ಅಡ್ಡಿಯಿಲ್ಲ. ಮುಂದೂಡಿದ್ದ ಸಂಬಂಧ ವಿಚಾರ ಈಗ ತಾನೇ ಬಿಡಿಸಿಕೊಂಡಿತು. ಎಲ್ಲಿ ಟೈಟಾನಿಯಂನಿಂದ ಕಿಲೋಗಟ್ಟಲೆ ಉಳಿಯುತ್ತಿತ್ತೋ ಅಲ್ಲಿ ನಿಷೇಧ. ಎಲ್ಲಿ ಗ್ರಾಂಗಟ್ಟಲೆ ಉಳಿಯುತ್ತದೋ ಅಲ್ಲಿ ಸ್ವಾತಂತ್ರ್ಯ. ಡಿಸ್ಕಿನ ಬೋಲ್ಟು, ಸ್ಪ್ರಾಕೆಟ್ಟಿನ ಬೋಲ್ಟು ಇವು ಚಕ್ರದ ಜೊತೆ ತಿರುಗುವ, ಸಸ್ಪೆನ್ಷನ್ನಿನ ಕೆಳಗಿರುವ ತೂಕವಾದ್ದರಿಂದ ಅಲ್ಲಿನ ಒಂದು ಗ್ರಾಮಿಗೆ ಸೀಟಿನಡಿಯ ಒಂದು ಗ್ರಾಮಿಗಿಂತ ಬೆಲೆ ಜಾಸ್ತಿ. ಇದು ನಿಜ, ತಮಾಷೆಯಲ್ಲ. ಆದರೆ ಕೊಳ್ಳುವವರು ಮೊದಲು ಬದಲಿಸುವುದು ಎಲ್ಲರಿಗೂ ಕಾಣುವ ಹ್ಯಾಂಡಲ್ ಕ್ಲ್ಯಾಂಪಿನ ಬೋಲ್ಟನ್ನೇ.

ನಿಷೇಧವಿದ್ದಲ್ಲಿ ಕಳ್ಳತನವಿದೆ, ಕಳ್ಳತನವಿದ್ದಲ್ಲಿ ಪರೀಕ್ಷೆ. ಟ್ರ್ಯಾಕಿನ ಬದಿಯಲ್ಲೇ ನಡೆಸಬಹುದಾದ ಮೂರು ಪರೀಕ್ಷೆಗಳನ್ನು ಒಕ್ಕೂಟ ವಿಧಿಸಿದೆ. ಒಂದು, ಅಯಸ್ಕಾಂತ: ಟೈಟಾನಿಯಂಗೆ ಅದು ಹಿಡಿಯುವುದಿಲ್ಲ. ಎರಡು, ಶೇಕಡಾ 3ರ ನೈಟ್ರಿಕ್ ಆಮ್ಲದ ಹನಿ: ಉಕ್ಕಿನ ಮೇಲೆ ಬಿದ್ದರೆ ಕಪ್ಪು ಕಲೆ, ಟೈಟಾನಿಯಂ ಮೇಲೆ ಏನೂ ಇಲ್ಲ. ಮೂರು, ಭಾಗವನ್ನು ತೂಗಿ, ನೀರಿನ ಪಾತ್ರೆಯಲ್ಲಿ ಮುಳುಗಿಸಿ ಸಾಂದ್ರತೆ ಕಂಡುಹಿಡಿಯುವುದು.

ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದನ್ನು ಬಲ್ಲವರಿಗೆ ಇದು ತೀರ ಪರಿಚಿತ ಸರಕು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಆರೋಪಿಗೆ ಐದು ದಿವ್ಯಗಳಿವೆ: ತುಲಾ, ಅಗ್ನಿ, ಜಲ, ವಿಷ, ಕೋಶ. ತೂಕ, ನೀರು, ವಿಷ ಮೂರೂ ಒಕ್ಕೂಟದ ನಿಯಮದಲ್ಲಿ ಬಂದಿವೆ. ಅಗ್ನಿ, ಕೋಶ ಬಿಟ್ಟುಹೋಗಿವೆ. ಅಗ್ನಿಯನ್ನು ನಮ್ಮ ಮೇಸ್ತ್ರಿಗಳು ಪೂರೈಸುತ್ತಾರೆ: ಗ್ರೈಂಡರಿಗೆ ಹಿಡಿದರೆ ಟೈಟಾನಿಯಂ ಕಣ್ಣು ಕೋರೈಸುವ ಬಿಳಿ ಕಿಡಿ ಹಾರಿಸುತ್ತದೆ, ಉಕ್ಕಿನ ಕಿಡಿ ಹಳದಿ. ಆದರೆ ತೀರ್ಪು ಮಾತ್ರ ತಲೆಕೆಳಗು. ಸ್ಮೃತಿಯ ತಕ್ಕಡಿಯಲ್ಲಿ ಹಗುರಾಗಿ ಮೇಲೆದ್ದವನು ಶುದ್ಧ, ಒಕ್ಕೂಟದ ತಕ್ಕಡಿಯಲ್ಲಿ ಹಗುರಾದದ್ದೇ ಅಪರಾಧ. ಅಲ್ಲಿ ವಿಷ ತಟ್ಟದವನು ನಿರಪರಾಧಿ. ಇಲ್ಲಿ ಆಮ್ಲ ತಟ್ಟದ ಆಕ್ಸಲ್ಲನ್ನು ರೇಸಿನಿಂದ ಹೊರಗೆ ಹಾಕುತ್ತಾರೆ. ಎಂಟು ಶತಮಾನಗಳಿಗೂ ಮಿಕ್ಕಿದ ಅಂತರದಲ್ಲಿ ನ್ಯಾಯಶಾಸ್ತ್ರ ಹೀಗೆ ಮಗುಚಿದ್ದನ್ನು ಯಾವ ಕಾನೂನು ಕಾಲೇಜೂ ಗಮನಿಸಿದಂತಿಲ್ಲ.

ಬೋಲ್ಟು ಕೊಳ್ಳುವಾಗಲೂ ಈ ದಿವ್ಯಗಳು ಉಪಯುಕ್ತ. ಬಣ್ಣ ಬಳಿದ ಉಕ್ಕನ್ನು ಟೈಟಾನಿಯಂ ಎಂದು ಕೊಡುವವರಿದ್ದಾರೆ. ಬರೀ ಅಯಸ್ಕಾಂತ ನಂಬಿದರೆ ಸಾಲದು, ಹಲವು ಜಾತಿಯ ಸ್ಟೇನ್‌ಲೆಸ್ ಸ್ಟೀಲಿಗೂ ಅದು ಹಿಡಿಯುವುದಿಲ್ಲ. ತೂಗಿ ಮುಳುಗಿಸಿ ನೋಡುವುದೇ ಮೇಲು.

ಬಣ್ಣದ ಮಾತು ಬಂತು. ಟೈಟಾನಿಯಂ ಬೋಲ್ಟಿನ ನೀಲಿ, ಬಂಗಾರ, ಹಸಿರು ಯಾವುದೂ ಬಳಿದ ಬಣ್ಣವಲ್ಲ. ಬೋಲ್ಟನ್ನು ಸೋಡಾ ಕರಗಿಸಿದ ನೀರಿನಂಥ ದ್ರಾವಣದಲ್ಲಿ ಇಳಿಬಿಟ್ಟು ವಿದ್ಯುತ್ ಹರಿಸಿದರೆ ಮೈಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ. ಪೊರೆಯ ದಪ್ಪಕ್ಕೆ ತಕ್ಕಂತೆ ಬೆಳಕು ಬಣ್ಣ ತೋರುತ್ತದೆ. ವಿದ್ಯುತ್ತಿನ ಒತ್ತಡ ಏರಿಸಿದಷ್ಟೂ ಪೊರೆ ದಪ್ಪ. 30 ವೋಲ್ಟಿನ ಆಸುಪಾಸು ನೀಲಿ, 55-60ರ ಸುಮಾರಿಗೆ ಬಂಗಾರದ ಹಳದಿ, 100ರ ಹತ್ತಿರ ಹಸಿರು. ಇಲ್ಲಿ ವರ್ಣ ಹುಟ್ಟಿನಿಂದ ಬರುವುದಲ್ಲ, ವೋಲ್ಟಿನಿಂದ ಬರುವುದು. ಯಮಹಾ ಪಂಥದವರಿಗೆ ನೀಲಿ, ಸುಜುಕಿಯವರಿಗೆ ಹಳದಿ, ಕಾವಾಸಾಕಿಯವರಿಗೆ ಹಸಿರು ಸಿದ್ಧಿಸಿತು. ಅಚ್ಚ ಕೆಂಪು ಮಾತ್ರ ಎಷ್ಟು ವೋಲ್ಟು ಏರಿಸಿದರೂ ಬರುವುದಿಲ್ಲ. ಹೋಂಡಾ ಪಂಥದವರ ಸಂಕಟ ಗ್ರಂಥಕಾರನಿಗೆ ಅರ್ಥವಾಗುತ್ತದೆ. 2017ರ ಸಿಆರ್‌ಎಫ್ 450 ಆರ್‌ನಲ್ಲಿ ಕಂಪನಿಯೇ ಟೈಟಾನಿಯಂ ಪೆಟ್ರೋಲ್ ಟ್ಯಾಂಕ್ ಕೊಟ್ಟು ಅವರನ್ನು ಸಮಾಧಾನಪಡಿಸಿದೆ ಎಂಬುದು ಒಂದು ವ್ಯಾಖ್ಯಾನ.

ಪ್ರಯೋಗ ವಿಧಿ ಚಿಕ್ಕದು. ಟೈಟಾನಿಯಂ ಬೋಲ್ಟನ್ನು ಒಣದಾಗಿ ತಿರುಗಿಸಬಾರದು. ಅದು ಎದುರಿನ ಲೋಹವನ್ನು ಕಚ್ಚಿ ಹಿಡಿದುಬಿಡುತ್ತದೆ. ಟೈಟಾನಿಯಂ ಬೋಲ್ಟಿಗೆ ಟೈಟಾನಿಯಂ ನಟ್ಟೇ ಸಿಕ್ಕಿತೆಂದರೆ ಆ ದಾಂಪತ್ಯ ಬಿಡಿಸಲು ಗ್ರೈಂಡರೇ ಬೇಕು. ಅಲ್ಯುಮಿನಿಯಂ ಕ್ರ್ಯಾಂಕ್‌ಕೇಸಿಗೆ ಹಾಕಿದರೆ ನೀರು ಕೆಸರು ಸೇರಿ ಅಲ್ಯುಮಿನಿಯಂ ತಿಂದುಹೋಗುತ್ತದೆ, ಬೋಲ್ಟು ಹೊಳೆಯುತ್ತಲೇ ಇರುತ್ತದೆ. ಆದ್ದರಿಂದ ಥ್ರೆಡ್ಡಿಗೆ ಆಂಟಿ-ಸೀಜ್ ಸವರತಕ್ಕದ್ದು. ಸವರಿದ ಮೇಲೆ ಉಜ್ಜಾಟ ಕಡಿಮೆಯಾಗಿ, ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಎಳೆದುಕೊಳ್ಳುವುದರಿಂದ, ಒಣ ಥ್ರೆಡ್ಡಿಗೆಂದು ಕೊಟ್ಟ ಅಂಕಿಗಿಂತ ತುಸು ಕಡಿಮೆ ಬಿಗಿಯಬೇಕು. ಥ್ರೆಡ್ಡನ್ನು ಕೊರೆದು ಮಾಡಿದ ಬೋಲ್ಟಿಗಿಂತ ಒತ್ತಿ ಉರುಳಿಸಿ ಮಾಡಿದ್ದು ಬಾಳಿಕೆ ಬರುತ್ತದೆ. ಇಷ್ಟನ್ನೂ ಮೇಸ್ತ್ರಿಗಳಿಗೆ ವಿವರಿಸಿದಾಗ ಅವರು ‘ಹೌದಾ ಸಾರ್’ ಎಂದು ಮುಂದಿನ ಸ್ಕೂಟರಿನ ಕಡೆ ತಿರುಗಿದರೆ ಅದನ್ನು ಸಮ್ಮತಿಯೆಂದೇ ಗ್ರಹಿಸತಕ್ಕದ್ದು.

ಕೊನೆಗೆ ಲೋಪ ಪ್ರಕರಣ. ವ್ಯಾಕರಣದಲ್ಲಿ ಇದ್ದದ್ದು ಕಾಣದೆ ಹೋಗುವುದೇ ಲೋಪ. ಡರ್ಟ್ ಬೈಕಿನಲ್ಲಿ ಅದರ ಕಾರಣ ಅದುರಾಟ. ಉಕ್ಕಿನ ಬೋಲ್ಟು ಇಂಜಿನ್ ಸಂದಿಗೆ ಬಿದ್ದರೆ ಮೇಸ್ತ್ರಿಗಳು ಅಯಸ್ಕಾಂತದ ಕಡ್ಡಿಯನ್ನು ಇಳಿಸಿ ಎತ್ತುತ್ತಾರೆ. ಟೈಟಾನಿಯಂ ಬೋಲ್ಟಿಗೆ ಆ ಕಡ್ಡಿಯ ಹಂಗಿಲ್ಲ. ಟ್ರ್ಯಾಕಿನ ಕೆಸರಿಗೆ ಬಿತ್ತೆಂದರೆ ತುಕ್ಕು ಹಿಡಿಯದೆ, ಬಣ್ಣ ಮಾಸದೆ, ಯಾರಿಗೂ ಸಿಗದೆ ಅಲ್ಲೇ ಉಳಿಯುತ್ತದೆ. ಸಿದ್ಧಾಂತದ ದೃಷ್ಟಿಯಿಂದ ಇದು ಸೋಲಲ್ಲ. ಉಕ್ಕಿಗೆ ಬದಲು ಟೈಟಾನಿಯಂ ಹಾಕಿದಾಗ ಲಾಘವ ಶೇಕಡಾ 44. ಬೋಲ್ಟು ಕಳೆದುಹೋದಾಗ ಶೇಕಡಾ 100. ಆದರೆ ಲೋಪವಾದ ಜಾಗಕ್ಕೆ ಆದೇಶವೊಂದು ಬರಬೇಕಲ್ಲ. ಮೇಸ್ತ್ರಿಗಳು ಹಳೆಯ ಬೋಲ್ಟುಗಳನ್ನು ಕೂಡಿಟ್ಟ ಡಾಲ್ಡಾ ಡಬ್ಬಿ ಅಲುಗಾಡಿಸಿ, ಎಂಟರ ತಲೆಯ, ತುಕ್ಕು ಹಿಡಿದ ಒಂದನ್ನು ಹೆಕ್ಕಿ, ಲುಂಗಿಗೆ ಒರೆಸಿ, ತಿರುಗಿಸಿ ಕೂರಿಸಿದರು. ‘ಇದು ಬೀಳಲ್ಲ ಸಾರ್. ದುಡ್ಡೇನೂ ಬೇಡ, ಟೀ ತರಿಸಿ.’