ಎಲೆ ಎಂದರೆ ಎಲೆಯೇ

ತುಮಕೂರಿನ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನು ನಾನು. ಅಲ್ಪವಿರಾಮ ತಪ್ಪಿದರೆ ಅರ್ಧ ಅಂಕ, ಪೂರ್ಣವಿರಾಮ ತಪ್ಪಿದರೆ ಒಂದು ಅಂಕ ಅಂತ ಕತ್ತರಿಸಿ ಅದೆಷ್ಟು ಮಕ್ಕಳ ಶಾಪ ಕಟ್ಟಿಕೊಂಡೆನೋ ಲೆಕ್ಕವಿಲ್ಲ. ಅಂಥವನು ಟೊರಾಂಟೋ ಪಕ್ಕದ ಮಿಸ್ಸಿಸಾಗಾಕ್ಕೆ, ಮಗಳ ಮನೆಗೆ, ಸೂಪರ್ ವೀಸಾ ಮೇಲೆ ಬಂದಿಳಿದೆ. ವೀಸಾದ ಹೆಸರು ಕೇಳಿ ಬೀಗಿದ್ದೂ ಉಂಟು. ಆಮೇಲೆ ಗೊತ್ತಾಯಿತು, ಇಲ್ಲಿ ‘ಸೂಪರ್’ ಅಂದರೆ ‘ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಗೆ ಕೊಡುವಂಥದ್ದು’ ಎಂದಷ್ಟೇ ಅರ್ಥ.

ಬಂದ ಮೂರನೆಯ ದಿನ ಒಂದು ಲೋಟ ಕಾಫಿ ನನ್ನನ್ನು ಸೋಲಿಸಿತು. ಕಾರಿನಲ್ಲಿ ನಾವು ನಾಲ್ಕು ಜನ. “ನಾನು ತರ್ತೀನಿ ಇರಿ” ಅಂತ ಗತ್ತಿನಿಂದ ಕಾಫಿ ಅಂಗಡಿಯ ಒಳಗೆ ಹೋದೆ. ಮುಂದೆ ನಿಂತವರೆಲ್ಲ ‘ಡಬಲ್-ಡಬಲ್’ ಅನ್ನುತ್ತಿದ್ದರು. ಡಬಲ್ ಅಂದರೆ ಎರಡು, ಡಬಲ್-ಡಬಲ್ ಅಂದರೆ ನಾಲ್ಕು. ಮಗ್ಗಿ ಬರುವವನಿಗೆ ಇದೇನು ಮಹಾ? “ಒಂದು ಡಬಲ್-ಡಬಲ್” ಅಂದೆ. ಪೇಟ ಸುತ್ತಿದ ಪಂಜಾಬಿ ಹುಡುಗ ಒಂದೇ ಲೋಟ ಕೊಟ್ಟ. ಉಳಿದ ಮೂರು ಎಲ್ಲಿ ಎಂದು ಕೇಳಿದೆ. “ಇನ್ನೂ ಮೂರು ಬೇಕಾ ಅಂಕಲ್?” ಅಂದ. “ಬೇಕಾ ಅಂದರೇನು, ಇದರಲ್ಲೇ ಸೇರಿದೆಯಲ್ಲಪ್ಪ” ಎಂದು ಲೆಕ್ಕ ಬಿಡಿಸಿ ಹೇಳಿದೆ. ಹಿಂದೆ ಏಳು ಜನ ನಿಂತಿದ್ದರು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅದೇ ಈ ದೇಶದ ಭಯಂಕರ ಗುಣ.

ಎರಡು ಪಾಲು ಕ್ರೀಮು, ಎರಡು ಪಾಲು ಸಕ್ಕರೆ ಹಾಕಿದ ಒಂದು ಲೋಟ ಕಾಫಿಗೆ ಡಬಲ್-ಡಬಲ್ ಅನ್ನುತ್ತಾರಂತೆ. 2004ರ ಕೆನಡಿಯನ್ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿರುವ ಮಾತು. ನಾನು ತುಮಕೂರಿನಲ್ಲಿ ನಂಬಿಕೊಂಡಿದ್ದ ನಿಘಂಟಿನ ರಟ್ಟು ಅದಕ್ಕೆ ಮೊದಲೇ ಕಿತ್ತುಹೋಗಿತ್ತು. ಕಾರಿಗೆ ಬಂದು ನಡೆದದ್ದನ್ನು ಹೇಳಿ, ಬಿಡಿ ಮಾತುಗಳ ಅರ್ಥ ಕೂಡಿಸಿದರೆ ಇಡೀ ಮಾತಿನ ಅರ್ಥ ಬರಬೇಕಲ್ಲವೇ, ಅದು ಭಾಷೆಯ ಧರ್ಮವಲ್ಲವೇ ಎಂದು ವಾದಿಸಿದೆ. ನಮ್ಮವಳು, “ಬಿಸಿಬಿಸಿ ಕಾಫಿ ಅಂದ್ರೆ ಎರಡು ಸಲ ಕಾಯಿಸಿದ್ದು ಅಂತೀರೇನು? ಇರೋ ಒಂದನ್ನು ಇತ್ಲಾಗೆ ಕೊಡಿ” ಎಂದು ಲೋಟ ಕಸಿದುಕೊಂಡಳು.

ಮಗಳಿಗೆ ಅಪ್ಪನ ಮೇಲೆ ಕನಿಕರ ಹುಟ್ಟಿತೋ, ಇಡೀ ದಿನ ಮನೆಯಲ್ಲಿರುವ ಅಪ್ಪನಿಂದ ಬಿಡುಗಡೆ ಬೇಕಾಯಿತೋ, ‘ಇಂಗ್ಲಿಷಿನಲ್ಲಿ ಅರ್ಥ’ ಎಂಬ ಹತ್ತು ವಾರದ ಸಂಜೆ ತರಗತಿಗೆ ದುಡ್ಡು ಕಟ್ಟಿದಳು. ಆರು ತಿಂಗಳೊಳಗಿನ ಕೋರ್ಸಾದರೆ ನನ್ನಂಥ ಪ್ರವಾಸಿಗೆ ಬೇರೆ ಪರವಾನಗಿ ಬೇಡ. ಗುರುವಾರ ಗುರುವಾರ ಬಸ್ಸು ಹತ್ತಿ ಕಿಪ್ಲಿಂಗ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಸಬ್‌ವೇ ಹಿಡಿಯಬೇಕು. ಕಿಪ್ಲಿಂಗ್ ಎಂಬ ಬೋರ್ಡು ಕಂಡೊಡನೆ ನಾನು ಅದೇ ಹೆಸರಿನ ಲೇಖಕನ ಮೇಲೆ ಭಾಷಣ ಆರಂಭಿಸಿದ್ದೆ. “ಅಪ್ಪಾ, ಅದು ಬರೀ ಸ್ಟೇಷನ್ನು, ಇಳೀರಿ” ಎಂದಳು ಮಗಳು.

ತರಗತಿಯಲ್ಲಿ ಜಾಫ್ನಾದ ನರ್ಸಮ್ಮ ಒಬ್ಬರು, ಇರಾನಿನ ಇಂಜಿನಿಯರು, ಕೊಲಂಬಿಯಾದ ಬೇಕರಿಯಾತ, ಹೀಗೆ ಹದಿನಾಲ್ಕು ಜನ. ಪಾಠ ಹೇಳುವ ಹೆಣ್ಣುಮಗಳಿಗೆ ನನ್ನ ಅರ್ಧ ವಯಸ್ಸು. ಅರ್ಥವಿಜ್ಞಾನವೆಂಬ ಈ ಶಾಸ್ತ್ರಕ್ಕೆ ಹೆಸರಿಟ್ಟವನು ಮಿಷೆಲ್ ಬ್ರೆಯಾಲ್ ಎಂಬ ಫ್ರೆಂಚ್ ಪಂಡಿತ, 1883ರಲ್ಲಿ ಎಂದು ಆಕೆ ಶುರುಮಾಡಿದಳು. ಜರ್ಮನಿಯ ಫ್ರೆಗೆ 1892ರಲ್ಲಿ ಬರೆದದ್ದು ಮುಂದಕ್ಕೆ ಬಂತು: ಮುಂಜಾವಿನ ಚುಕ್ಕಿ, ಸಂಜೆಯ ಚುಕ್ಕಿ ಎರಡೂ ಶುಕ್ರಗ್ರಹವೇ, ಆದರೂ ಆ ಎರಡು ಮಾತಿನ ಅರ್ಥ ಒಂದೇ ಅಲ್ಲ. ನಮ್ಮಜ್ಜಿ ‘ಬೆಳ್ಳಿ ಮೂಡ್ತು’ ಅಂತಲೇ ಏಳುತ್ತಿದ್ದವಳು, ಆಕೆಗೆ ಫ್ರೆಗೆ ಬೇಕಾಗಿರಲಿಲ್ಲ. ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಾರದೆ ಕೈ ಎತ್ತಿದ.

ಮಾತಿನ ನೇರ ಅರ್ಥ ಅಭಿಧಾ, ಅದು ಹೊಂದದಾಗ ಹಿಡಿಯುವ ಪಕ್ಕದ ಅರ್ಥ ಲಕ್ಷಣಾ, ಸೂಚನೆಯಿಂದ ಹೊಳೆಯುವುದು ವ್ಯಂಜನಾ. ಆ ಸೂಚನೆಯನ್ನೇ ಧ್ವನಿ ಎಂದ ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ. ‘ಗಂಗೆಯಲ್ಲಿ ಹಟ್ಟಿ’ ಅಂದರೆ ಹೊಳೆಯ ಮೇಲೆ ತೇಲುವ ಹಟ್ಟಿಯಲ್ಲ, ದಡದ ಮೇಲಿನದು; ಜೊತೆಗೆ ತಂಪು, ಪಾವಿತ್ರ್ಯ ಎಲ್ಲ ಸೂಚನೆ. ಆಕೆ ತಲೆದೂಗಿ, “ದಟ್ಸ್ ಇಂಟರೆಸ್ಟಿಂಗ್” ಎಂದಳು. ನನಗೆ ಹುರುಪು ಬಂತು. ‘ಸೈಂಧವ ತಾ’ ಎಂಬ ಉದಾಹರಣೆ ಎತ್ತಿಕೊಂಡೆ. ಊಟಕ್ಕೆ ಕೂತವನು ಹೇಳಿದರೆ ಉಪ್ಪು, ಪಯಣಕ್ಕೆ ಹೊರಟವನು ಹೇಳಿದರೆ ಕುದುರೆ. “ವೆರಿ ಇಂಟರೆಸ್ಟಿಂಗ್” ಎಂದಳು. ಇನ್ನಿಪ್ಪತ್ತು ನಿಮಿಷ ವ್ಯಂಜನೆಗೆ ಕೊಟ್ಟೆ. ವಿರಾಮದಲ್ಲಿ ನರ್ಸಮ್ಮ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ಸರ್, ಇಲ್ಲಿ ಇಂಟರೆಸ್ಟಿಂಗ್ ಅಂದರೆ ದಯವಿಟ್ಟು ಸಾಕು ಮಾಡಿ ಅಂತ.” ಧ್ವನಿ ಸಿದ್ಧಾಂತದ ಮೇಲೆ ಭಾಷಣ ಬಿಗಿಯುತ್ತಿದ್ದವನಿಗೆ ಎದುರಿಗೇ ಆದ ಧ್ವನಿ ಕೇಳಿಸಿರಲಿಲ್ಲ.

ಒಂದು ವಾರ ಮಾತ್ರ ನಾನು ಎದೆ ಸೆಟೆಸಿ ಕೂತಿದ್ದೆ. ಅದು ಕಾಮಾದ ವಾರ. ಟೊರಾಂಟೋದ ರಾಜರ್ಸ್ ಕಂಪನಿಗೂ ಪೂರ್ವ ಕರಾವಳಿಯ ಏಲಿಯಂಟ್ ಕಂಪನಿಗೂ ಕಂಬಗಳಿಗೆ ಕೇಬಲ್ ಕಟ್ಟುವ ಒಪ್ಪಂದ. ಮೊದಲ ಐದು ವರ್ಷದೊಳಗೇ, ಒಂದು ವರ್ಷದ ನೋಟಿಸು ಕೊಟ್ಟು ಅದನ್ನು ಮುರಿಯಬಹುದೇ ಎಂಬ ಪ್ರಶ್ನೆ ಒಂದು ಅಲ್ಪವಿರಾಮದ ಮೇಲೆ ನಿಂತಿತು. 2006ರಲ್ಲಿ ಇಲ್ಲಿಯ ದೂರಸಂಪರ್ಕ ಆಯೋಗ ಆ ಕಾಮಾ ನೋಡಿ, ಮುರಿಯಬಹುದು ಎಂದಿತು. ಮಿಲಿಯನ್ ಡಾಲರ್ ಕಾಮಾ ಎಂದು ಪತ್ರಿಕೆಗಳು ಬರೆದವು. 2007ರಲ್ಲಿ ಅದೇ ಒಪ್ಪಂದದ ಫ್ರೆಂಚ್ ಪಾಠ ತೆಗೆದು ನೋಡಿದರೆ ಅದರಲ್ಲಿ ಗೊಂದಲವೇ ಇರಲಿಲ್ಲ, ತೀರ್ಪು ತಿರುಗಿತು. ಅರ್ಧ ಅಂಕದ ನನ್ನ ಹಳೆಯ ಶಿಷ್ಯರಿಗೆಲ್ಲ ಅಂದೇ ವಾಟ್ಸಾಪ್ ಕಳಿಸಿದೆ. ಇಬ್ಬರು ಹೆಬ್ಬೆಟ್ಟು ತೋರಿಸಿದರು. ಮೂವರು ಗ್ರೂಪ್ ಬಿಟ್ಟರು.

‘ಸಾರಿ’ಯ ಪಾಠ ಮಾತ್ರ ತಡವಾಗಿ ಬಂತು. ಅಷ್ಟರಲ್ಲಿ ನಾನು ಅಂಗಡಿಯಲ್ಲಿ ಒಬ್ಬರ ಹಿಮ್ಮಡಿಗೆ ತಳ್ಳುಗಾಡಿ ಗುದ್ದಿಸಿ ಆಗಿತ್ತು. ಕುಂಟುತ್ತ ತಿರುಗಿ ಅವರೇ “ಸಾರಿ” ಎಂದರು. ತಪ್ಪೊಪ್ಪಿಕೊಂಡ ವಿದ್ಯಾರ್ಥಿಯನ್ನು ಮನ್ನಿಸುವ ಹಳೆಯ ಅಭ್ಯಾಸ ನೋಡಿ, “ಪರವಾಗಿಲ್ಲ, ಇನ್ನು ಮುಂದೆ ನೋಡಿಕೊಂಡು ನಡೀರಿ” ಎಂದುಬಿಟ್ಟೆ. ಇಲ್ಲಿ ಸಾರಿ ಎಂಬುದಕ್ಕೂ ತಪ್ಪಿಗೂ ನಂಟಿಲ್ಲ. ಡಿಪೋಗೆ ಮರಳುವ ಖಾಲಿ ಬಸ್ಸು ಸಹ ಹಣೆಯ ಮೇಲೆ ‘ಸಾರಿ’ ಬರೆದುಕೊಂಡು ಹೋಗುತ್ತದೆ. ಒಂಟಾರಿಯೋ ಪ್ರಾಂತ್ಯ 2009ರಲ್ಲಿ ಕ್ಷಮಾಪಣೆಯ ಕಾಯ್ದೆ ಎಂದೇ ಒಂದನ್ನು ಮಾಡಿ, ಸಾರಿ ಅಂದಮಾತ್ರಕ್ಕೆ ಸಿವಿಲ್ ದಾವೆಯಲ್ಲಿ ತಪ್ಪು ಒಪ್ಪಿಕೊಂಡ ಹಾಗಲ್ಲ ಎಂದು ಬರೆದಿಟ್ಟಿದೆ. ಒಂದು ಶಬ್ದದ ಅರ್ಥ ತೆಗೆಯಲು ಶಾಸನಸಭೆ ಕೂತದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅಕ್ಟೋಬರಿನಲ್ಲಿ ಮಗಳು ಕೆಲಸಕ್ಕೆ ಹೊರಡುವ ಅವಸರದಲ್ಲಿ, “ಅಪ್ಪಾ, ಹೈಡ್ರೋ ಬಿಲ್ಲು ಈ ಸಲ ಜಾಸ್ತಿ ಬಂದಿದೆ, ಸ್ವಲ್ಪ ನೋಡಿಕೊಳ್ಳಿ” ಎಂದಳು. ಹೈಡ್ರೋ ಗ್ರೀಕ್ ಮೂಲದ್ದು, ನೀರು ಎಂದರ್ಥ. ಇದನ್ನು ಹೇಳಿಕೊಡಲು ಕೋರ್ಸು ಬೇಕೇ? ಅಂದಿನಿಂದ ಮನೆಯಲ್ಲಿ ಬರಗಾಲ ಘೋಷಿಸಿದೆ. ಷವರ್ ಬಂದ್, ಒಬ್ಬರಿಗೆ ಒಂದು ಬಕೆಟ್. ಅಕ್ಕಿ ತೊಳೆದ ನೀರು ಗಿಡಕ್ಕೆ. ನಮ್ಮವಳು ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ನಲ್ಲಿ ತಿರುಗಿಸುತ್ತಿದ್ದೆ. ಇಷ್ಟೆಲ್ಲ ಕಾವಲು ಕಾದು ಬೇಸ್‌ಮೆಂಟಿಗೆ ಇಳಿದು, ಪ್ಲಗ್ಗಿನ ಹೀಟರನ್ನು ಹಗಲೂ ರಾತ್ರಿ ಉರಿಸಿಕೊಂಡು, ಅರ್ಥವಿಜ್ಞಾನ ಓದುತ್ತಿದ್ದೆ. ಮುಂದಿನ ಬಿಲ್ಲು ಬಂದಾಗ ಅಳಿಯಂದಿರು ಅದನ್ನು ಎರಡು ಸಲ ಓದಿದರು. ಅಳಿಯಂದಿರಲ್ಲವೇ, ಏನೂ ಅನ್ನಲಿಲ್ಲ. ಮಗಳು ಅಂದಳು. ಈ ಸೀಮೆಯಲ್ಲಿ ಹೈಡ್ರೋ ಅಂದರೆ ಕರೆಂಟು! ನೀರಿನ ಬಿಲ್ಲು ಬೇರೆ, ಅದು ಪೀಲ್ ಪ್ರಾದೇಶಿಕ ಆಡಳಿತದಿಂದ ಬರುತ್ತದೆ.

ನಯಾಗರದ ನೀರಿನಿಂದ ವಿದ್ಯುತ್ತು ತರಲು 1906ರಲ್ಲಿ ಹೈಡ್ರೋ-ಎಲೆಕ್ಟ್ರಿಕ್ ಆಯೋಗ ಕಟ್ಟಿದರಂತೆ, ಆ ಹೆಸರು ಜನರ ನಾಲಿಗೆಯಲ್ಲೇ ಕೂತಿತು. ಒಂಟಾರಿಯೋ ಹೈಡ್ರೋ ಸಂಸ್ಥೆಯನ್ನು 1999ರಲ್ಲಿ ಒಡೆದು ಹಂಚಿದರೂ ಬಿಲ್ಲು ಹೈಡ್ರೋ ಬಿಲ್ಲೇ. ನಗಲು ನನಗೂ ಹಕ್ಕಿಲ್ಲ. ನಮ್ಮ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂದದ್ದೂ ಅದೇ 1999ರಲ್ಲಿ, ಆಮೇಲೆ ಬೆಸ್ಕಾಂ ಬಂತು; ಇವತ್ತಿಗೂ ಕರೆಂಟು ಹೋದರೆ ನಾನು ಬಯ್ಯುವುದು ಕೆಇಬಿಯವರನ್ನೇ. ಅಂದ ಹಾಗೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ಮೈಸೂರಿನ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಕೆನಡಾದ ಕ್ವಿಬೆಕ್‌ನವರು. ಆತ ಮಂಡ್ಯದ ಕಡೆಯವರಿಗೆ ‘ಹೈಡ್ರೋ’ ಎಂಬ ಮಾತನ್ನು ಕಲಿಸಿ ಹೋಗಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಇಲ್ಲಿಯವರೆಗಿನದು ಶಬ್ದಾರ್ಥ ನಂಬಿ ಕೆಟ್ಟದ್ದು. ನವೆಂಬರಿನಲ್ಲಿ ಗ್ರೈಸ್ ಬಂದ, ನಾನು ಇನ್ನೊಂದು ಕಡೆಗೆ ವಾಲಿ ಕೆಟ್ಟೆ. ತತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡಿನಲ್ಲಿ ಹೇಳಿದ, 1975ರಲ್ಲಿ ಅಚ್ಚಾದ ವಿಚಾರ: ಆಡಿದ ಮಾತು ಬೇರೆ, ಸೂಚಿಸಿದ್ದು ಬೇರೆ. ಅವನ ಒಂದು ಉದಾಹರಣೆ ನನ್ನ ನಿದ್ದೆ ಕೆಡಿಸಿತು. ಶಿಷ್ಯನ ಕೆಲಸಕ್ಕೆ ಶಿಫಾರಸು ಪತ್ರ ಬರೆಯುವ ಮೇಷ್ಟ್ರು, ಹುಡುಗನ ಇಂಗ್ಲಿಷ್ ಚೆನ್ನಾಗಿದೆ, ತಪ್ಪದೆ ತರಗತಿಗೆ ಬರುತ್ತಾನೆ ಎಂದಷ್ಟೇ ಬರೆದರೆ, ಹುಡುಗ ಕೆಲಸಕ್ಕೆ ಬಾರದವನು ಎಂದು ಓದುವವನಿಗೆ ತಿಳಿಯುತ್ತದಂತೆ. ನಾನು ಅಂಥವನ್ನು ನೂರಾರು ಬರೆದಿದ್ದೇನೆ, ಹೊಗಳಿದೆ ಅಂದುಕೊಂಡೇ!

ಆ ರಾತ್ರಿ ಊಟಕ್ಕೆ ಕೂತಾಗ, ಇಂಗ್ಲಿಷಿನವರು ಅಂದುಕೊಂಡದ್ದನ್ನು ಆಡುವುದಿಲ್ಲ, ನಾವಾದರೋ ನೇರ ಜನ ಎಂದೆ. ಎಂಟು ವರ್ಷದ ಮೊಮ್ಮಗಳು ಚಪಾತಿ ಹರಿಯುತ್ತ, “ತಾತಾ, ನೀನು ಕ್ಲಾಸಿಗೆ ಹೋಗುವಾಗ ‘ಬರ್ತೀನಿ’ ಅಂತೀಯಲ್ಲ?” ಎಂದಳು. ಸಾರು ಬಡಿಸಿಕೊಂಡೆ.

ಮರುದಿನ ಬೇಲಿಯಾಚೆ ಪಕ್ಕದ ಮನೆಯ ಯಜಮಾನರು ಸಿಕ್ಕರು. ಇಟಲಿಯ ಕಲಾಬ್ರಿಯಾದಿಂದ ಬಂದು ಐವತ್ತು ವರ್ಷ ದಾಟಿದ ಹಿರಿಯರು. ಆಕಾಶ ನೋಡಿ, ನೆಲ ನೋಡಿ, “ಈ ಸಲ ಎಲೆ ಜಾಸ್ತಿ, ಏ?” ಎಂದರು. ಕೊನೆಯ ಆ ‘ಏ’ ನಮ್ಮ ‘ಅಲ್ವಾ’ ಇದ್ದ ಹಾಗೆ. ಹಿಂದಿನ ವಾರವಾಗಿದ್ದರೆ ನಾನು “ಹೌದು” ಅಂದು ಒಳಗೆ ಹೋಗುತ್ತಿದ್ದೆ. ಈಗ ಗ್ರೈಸ್ ತಲೆಯಲ್ಲಿ ಕೂತಿದ್ದ. ಎಲೆ ಜಾಸ್ತಿ ಎಂದು ನನಗೇ ಏಕೆ ಹೇಳಿದರು? ನಮ್ಮ ಮೇಪಲ್ ಮರದ ಎಲೆ ಅವರ ಹಿತ್ತಲಿಗೆ ಉದುರಿದೆ. ಸಭ್ಯರು, ದೂರನ್ನು ಹವಾಮಾನದಲ್ಲಿ ಸುತ್ತಿ ಕೊಟ್ಟಿದ್ದಾರೆ!

ಮಾರನೆಯ ಬೆಳಗ್ಗೆ ಪಂಚೆಯ ಮೇಲೆ ಅಳಿಯಂದಿರ ಜಾಕೆಟ್ ಹಾಕಿಕೊಂಡು ಎರಡೂ ಹಿತ್ತಲಿಗೆ ಇಳಿದೆ. ಮದುವೆ ಮನೆಗಳಲ್ಲಿ ಎಲೆ ಎತ್ತಿದ ಕೈ ಇದು. ಅವರ ಬೇಲಿ ಮೂಲೆಯಲ್ಲಿ ಎದೆಮಟ್ಟದ ರಾಶಿ ಇತ್ತು, ಅದನ್ನೂ ಬಿಡಲಿಲ್ಲ. ಹನ್ನೊಂದು ಕಾಗದದ ಚೀಲ ತುಂಬಿ ರಸ್ತೆ ಬದಿಗಿಟ್ಟೆ. ಎಂಟು ಗಂಟೆಗೆ ಲಾರಿ ಬಂದು ಒಯ್ದಿತು.

ಹತ್ತು ಗಂಟೆಗೆ ಯಜಮಾನರು ಗುದ್ದಲಿ, ಹಲಗೆ, ಹಳೆ ಕಂಬಳಿ ಹಿಡಿದು ಬಂದರು. ಬೋಳು ಮೂಲೆಯನ್ನು ಬಹಳ ಹೊತ್ತು ನೋಡಿದರು. ಟೊರಾಂಟೋ ಸುತ್ತಿನ ಇಟಾಲಿಯನ್ನರಿಗೆ ಅಂಜೂರದ ಗಿಡ ಮನೆಮಗು ಇದ್ದ ಹಾಗೆ. ಇಲ್ಲಿಯ ಚಳಿಯನ್ನು ಅದು ತಡೆಯದು. ಅದಕ್ಕೇ ಚಳಿಗಾಲಕ್ಕೆ ಮುಂಚೆ ಕೊಂಬೆ ಕಟ್ಟಿ, ಒಂದು ಪಕ್ಕದ ಬೇರು ಬಿಡಿಸಿ, ಗಿಡವನ್ನು ಗುಂಡಿಯಲ್ಲಿ ಮಲಗಿಸಿ, ಮೇಲೆ ಎಲೆ, ಹಲಗೆ, ಮಣ್ಣು ಹೊದಿಸಿ ಹೂಳುತ್ತಾರೆ. ಅವರು ಮೂರು ವಾರದಿಂದ ಕೂಡಿಟ್ಟ ಹೊದಿಕೆಯನ್ನು ನಾನು ಲಾರಿ ಹತ್ತಿಸಿದ್ದೆ. ಎಲೆ ಜಾಸ್ತಿ ಅಂದದ್ದು ಬರೀ ಸಂತೋಷಕ್ಕೆ.

“ನೀವು ತುಂಬಾ ಶ್ರಮಜೀವಿ” ಎಂದರು ಯಜಮಾನರು. ತಪ್ಪದೆ ತರಗತಿಗೆ ಬರುವ ಹುಡುಗ ನಾನು. ಈ ಸಲ ಅರ್ಥವಾಯಿತು.

ಮೊಮ್ಮಗಳ ಆಟದ ಗಾಡಿ ಎಳೆದುಕೊಂಡು ಎಲೆ ಬೇಟೆಗೆ ಹೊರಟೆ. ಪಕ್ಕದ ಬಡಾವಣೆಗೆ ಲಾರಿ ಬರುವುದು ಮಾರನೆಯ ದಿನ, ಮನೆ ಮನೆ ಮುಂದೆ ಚೀಲಗಳು ಸಾಲಾಗಿದ್ದವು. ಒಂದನ್ನು ಗಾಡಿಗೆ ಎತ್ತುತ್ತಿದ್ದಾಗ ಬಾಗಿಲು ತೆರೆದು ಒಬ್ಬ ಹೆಂಗಸು, “ಕ್ಯಾನ್ ಐ ಹೆಲ್ಪ್ ಯೂ?” ಎಂದರು. ಐದನೆಯ ವಾರದ ಪಾಠ ಅದು. ಸಹಾಯ ಬೇಕೇ ಎಂದಲ್ಲ, ಯಾರಯ್ಯ ನೀನು, ಇಲ್ಲೇನು ಕೆಲಸ ಎಂದರ್ಥ. ಗೊತ್ತಿತ್ತು. ಆದರೆ ಚೀಲ ಭಾರವಾಗಿತ್ತು. “ಹೌದಮ್ಮ, ಆ ತುದಿ ಸ್ವಲ್ಪ ಹಿಡಿದುಕೊಳ್ಳಿ” ಎಂದೆ. ಆಕೆ ಚಪ್ಪಲಿ ಮೆಟ್ಟಿಕೊಂಡು ಬಂದು ಹಿಡಿದುಕೊಂಡರು. ಇನ್ನೆರಡು ಚೀಲ ಗ್ಯಾರೇಜಿನಿಂದ ತಂದುಕೊಟ್ಟು, ಕೊನೆಗೆ “ಸಾರಿ” ಅಂದರು.

ಸಂಜೆಯೊಳಗೆ ಅಂಜೂರವನ್ನು ಮಲಗಿಸಿದೆವು. ಇದನ್ನೇ ಕೋರ್ಸಿನ ಕೊನೆಯ ಪ್ರಬಂಧವಾಗಿ ಬರೆದುಕೊಟ್ಟೆ. ಆ ಹೆಣ್ಣುಮಗಳು ಅಂಚಿನಲ್ಲಿ ‘ಕ್ವೈಟ್ ಬ್ರೇವ್’ ಎಂದು ಬರೆದಿದ್ದಳು. ಮಗಳಿಗೆ ತೋರಿಸಿದೆ. ಅವಳು ಓದಿ, ಕಾಗದವನ್ನು ಮಡಿಸಿ, ಊಟಕ್ಕೇನು ಮಾಡಲಿ ಎಂದು ಕೇಳಿದಳು.

ಏಪ್ರಿಲ್ ಕೊನೆಗೆ ಗಿಡವನ್ನು ಎಬ್ಬಿಸಿ ನಿಲ್ಲಿಸಿದರು. ಜೂನಿನ ಒಂದು ಮಧ್ಯಾಹ್ನ ಯಜಮಾನರು ಬೇಲಿಗೆ ಒರಗಿ, ಹೊಸ ಎಲೆ ಸವರುತ್ತ, “ಈ ಸಲ ಮಳೆ ಕಮ್ಮಿ, ಏ?” ಎಂದರು. ನನ್ನ ಕಣ್ಣು ತಾನಾಗಿ ನೀರಿನ ಪೈಪಿನ ಕಡೆ ಹೋಯಿತು. ಅಡುಗೆಮನೆ ಕಿಟಕಿಯಿಂದ ನಮ್ಮವಳ ದನಿ ಬಂತು: “ರೀ, ಒಳಗೆ ಬನ್ನಿ. ಏನೂ ಮುಟ್ಟಬೇಡಿ.”

ಒಳಗೆ ಹೋದೆ.