ಮುದ್ದೆಯ ತುತ್ತಿನಿಂದ ಚಿತ್ತನಿರ್ಣಯ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಧ್ಯಾನಾಕಾಂಕ್ಷಿಗಳ ಬಗ್ಗೆ ಒಂದು ಸಂಶೋಧನೆ

ಪೀಠಿಕೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಧ್ಯಾನಪರಂಪರೆಯನ್ನು ಕುರಿತು ಇದುವರೆಗೆ ಯಾರೂ ಪ್ರಬಂಧ ಬರೆದಂತಿಲ್ಲ. ಏಕೆ ಬರೆದಿಲ್ಲ ಎಂದು ಕೇಳುವುದು ಸಂಶೋಧಕನ ಕೆಲಸವಲ್ಲ. ಬರೆದಿಲ್ಲ ಎಂದು ಗೊತ್ತಾದ ಮೇಲೆ ಬರೆದುಬಿಡುವುದು ಅವನ ಕೆಲಸ. 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿದ್ದರಿಂದ ವಿಷಯಕ್ಕೆ ಅಂತರರಾಷ್ಟ್ರೀಯ ತೂಕವೂ ಬಂದಿದೆ. ಸಾರುವ ಮುಂಚೆ ಈ ಕಡೆಯವರನ್ನು ಒಂದು ಮಾತು ಕೇಳಬೇಕಿತ್ತು. ಡಿಸೆಂಬರ್ ಎಂದರೆ ಕಡೂರು ಕಡೆ ರಾಗಿ ಕಣಕ್ಕೆ ಬರುವ ಹೊತ್ತು, ತರೀಕೆರೆ ಕಡೆ ಅಡಿಕೆ ಸುಲಿಯುವ ಹೊತ್ತು. ಕಣ್ಣು ಮುಚ್ಚಿ ಕೂತರೆ ಒಂದು ಕಡೆ ರಾಗಿ ಹಕ್ಕಿಗಳ ಪಾಲು, ಇನ್ನೊಂದು ಕಡೆ ಬೆರಳು ಮೆಟ್ಟುಗತ್ತಿಯ ಪಾಲು.

ಆದರೂ ಆಕಾಂಕ್ಷಿಗಳಿಗೆ ಬರವಿಲ್ಲ. ಒಬ್ಬರು ಮೊಬೈಲಿನಲ್ಲಿ ಆ್ಯಪ್ ಹಾಕಿಸಿಕೊಂಡು ಗಂಟೆಯ ಸದ್ದು ಕೇಳುತ್ತಾ ಕೂರುತ್ತಾರೆ. ಮಧ್ಯೆ ಸಾಲದ ಜಾಹೀರಾತು ಬರುತ್ತದೆ. ಇನ್ನೊಬ್ಬರು ಹತ್ತು ದಿನದ ಮೌನಶಿಬಿರಕ್ಕೆ ಹೋಗಿಬಂದು, ಅಲ್ಲಿ ಮಾತಾಡದೆ ಉಳಿಸಿಕೊಂಡದ್ದನ್ನೆಲ್ಲ ಇಲ್ಲಿ ಖರ್ಚು ಮಾಡುತ್ತಿದ್ದಾರೆ. ಮತ್ತೊಬ್ಬರು ಉಸಿರು ನೋಡಿ, ಬೇಸರವಾಗಿ ದೀಪ ನೋಡಿ, ದೀಪವೂ ಸಾಕಾಗಿ ಈಗ ಗೋಡೆ ನೋಡುತ್ತಿದ್ದಾರೆ. ಎಲ್ಲರದೂ ಒಂದೇ ದೂರು: "ನಂಗೆ ಯಾವ್ದು ಆಗಿಬರುತ್ತೆ ಅಂತಲೇ ತಿಳೀತಿಲ್ಲ ಸಾರ್." ಪ್ರಬಂಧ ಕೈಗೆತ್ತಿಕೊಂಡಿರುವ ಸಮಸ್ಯೆ ಇದೇ.

ಶಾಸನಾಧಾರ

ಆಧಾರವಿಲ್ಲದೆ ಮಾತಾಡುವುದು ವಿದ್ವಾಂಸನಿಗೆ ಶೋಭೆಯಲ್ಲ. ಶಾಸನತಜ್ಞ ರೈಸ್ ಸಾಹೇಬರು 1901ರಲ್ಲಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟ ಆಗಿನ ಕಡೂರು ಜಿಲ್ಲೆಯ ಶಾಸನಗಳದು. ಹಳೆಯ ಕನ್ನಡ ಶಾಸನಗಳಲ್ಲಿ ಗುರುಗಳನ್ನು ಹೊಗಳಲು ಒಂದು ಸಿದ್ಧ ಅಚ್ಚಿತ್ತು. ಯಮ, ನಿಯಮ, ಸ್ವಾಧ್ಯಾಯ, ಧ್ಯಾನ, ಧಾರಣ, ಮೌನ, ಜಪ, ಸಮಾಧಿ, ಎಲ್ಲವೂ ಒಂದೇ ಉಸಿರಿಗೆ. ಅದು ಮುಗಿಯುತ್ತಿದ್ದ ಹಾಗೆ ಕಲ್ಲಿಗೆ ಜೀವ ಬರುತ್ತದೆ: ಎಷ್ಟು ಮತ್ತರು ಗದ್ದೆ, ಯಾವ ಕೆರೆಯ ಕೆಳಗೆ, ಮೂಡಲಿಗೆ ಯಾವ ಹುತ್ತ, ತೆಂಕಲಿಗೆ ಯಾವ ನೆಟ್ಟ ಕಲ್ಲು. ಗುರುಗಳು ಧ್ಯಾನ ಮಾಡುತ್ತಿದ್ದರೆಂಬುದಕ್ಕೆ ಒಂದು ಪದ; ಗದ್ದೆ ಎಲ್ಲಿಗೆ ಮುಗಿಯುತ್ತಿತ್ತು ಎಂಬುದಕ್ಕೆ ಇವತ್ತಿನ ಸರ್ವೇಯರ್ ಬಂದರೂ ಸಾಕಾಗುವಷ್ಟು ವಿವರ.

ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಮಾತ್ರ ಕಲ್ಲು ಸ್ವಲ್ಪ ಹೆಚ್ಚು ಮಾತಾಡುತ್ತದೆ. ಹೊಯ್ಸಳ ಅರಸ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿಯ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಮಂಟಪದ ಹೊರಗೋಡೆಯಲ್ಲಿ ರಾಮಾಯಣಕ್ಕೆ 70 ಫಲಕ, ಕೃಷ್ಣನಿಗೆ 25, ಮಹಾಭಾರತಕ್ಕೆ 45. ತೆಂಕಣ ಗೋಡೆಯ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ, ಇದು ಹೊಯ್ಸಳರ ಗುಡಿಗಳಲ್ಲಿ ಅಪರೂಪ. ಅಂದರೆ ಕ್ರಮವಾಗಿ ಪ್ರದಕ್ಷಿಣೆ ಹಾಕುವವನು ಕಥೆಯ ತುದಿಯಿಂದ ಬುಡಕ್ಕೆ ಬರುತ್ತಾನೆ. ಮೂಲಕ್ಕೆ ಮರಳುವುದು ಎಂದು ಗುರುಗಳು ಹೇಳುವುದು ಇದನ್ನೇ ಎಂದು ಪ್ರಬಂಧಕಾರನ ಊಹೆ. ಶಿಲ್ಪಿಗೆ ಮೇಸ್ತ್ರಿ ದಿಕ್ಕು ತಪ್ಪಿ ಹೇಳಿದ್ದ ಎಂಬುದು ಅದೇ ಪ್ರಬಂಧಕಾರನ ಇನ್ನೊಂದು ಊಹೆ.

ಇನ್ನು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ದಿಟ್ಟಿ ನೆಟ್ಟು ಕೂರುವ ಪದ್ಧತಿ ನಡೆದುಬಂದಿದೆ. ಇದರ ಮೇಲೆ ಅಣಕ ನಡೆಯುವುದಿಲ್ಲ. ಪೂಜೆ ಮುಗಿಯುವ ತನಕ ಹನಿ ನೀರು ಮುಟ್ಟದ ಆ ಅಜ್ಜ ಅಜ್ಜಿಯರಿಗೆ, ನನಗೆ ಯಾವ ಧ್ಯಾನ ಒಗ್ಗುತ್ತದೆ ಎಂಬ ಪ್ರಶ್ನೆ ಎದ್ದೇ ಇರಲಿಲ್ಲ. ಪ್ರಶ್ನೆ ಮೊಮ್ಮಕ್ಕಳದು.

ಎರಡು ಮತಗಳು

ಪ್ರಶ್ನೆ ಮಾತ್ರ ಹಳೆಯದು, ಅದಕ್ಕೆ ಉತ್ತರ ಕೊಟ್ಟವರಲ್ಲಿ ಎರಡು ಪಂಗಡ. ಪತಂಜಲಿ ಯೋಗಸೂತ್ರದ ಮೊದಲ ಪಾದದಲ್ಲಿ ಚಿತ್ತ ನಿಲ್ಲಿಸುವ ಉಪಾಯಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಮೈತ್ರಿ ಕರುಣೆಗಳ ಭಾವನೆ, ಇಲ್ಲವೇ ಉಸಿರು, ಇಲ್ಲವೇ ಒಳಗಿನ ಬೆಳಕು, ಇಲ್ಲವೇ ಕನಸು ನಿದ್ದೆಗಳ ಅರಿವು. ಕಡೆಗೆ 39ನೇ ಸೂತ್ರದಲ್ಲಿ, ಇಲ್ಲವೇ ನಿನಗೆ ಯಾವುದು ಇಷ್ಟವೋ ಅದು ಎಂದು ಕೈತೊಳೆದುಕೊಳ್ಳುತ್ತಾನೆ. ಇದು ದರ್ಶಿನಿಯ ಬೋರ್ಡು. ಓದಿಕೋ, ಟೋಕನ್ ತಗೋ.

ಬೌದ್ಧ ಪಂಡಿತ ಬುದ್ಧಘೋಷನದು ಅಜ್ಜಿಯ ಅಡುಗೆಮನೆ. 5ನೇ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿ ಕೂತು ಅವನು ಬರೆದ ವಿಸುದ್ಧಿಮಗ್ಗದಲ್ಲಿ ಧ್ಯಾನಕ್ಕೆ ವಿಷಯಗಳು 40, ಮನುಷ್ಯಸ್ವಭಾವಗಳು 6: ರಾಗ, ದ್ವೇಷ, ಮೋಹ, ಶ್ರದ್ಧೆ, ಬುದ್ಧಿ, ವಿತರ್ಕ. ಯಾರಿಗೆ ಯಾವುದು ಎಂದು ಆಚಾರ್ಯ ನೋಡಿ ಬಡಿಸುತ್ತಾನೆ. ನಿನಗೆ ಏನು ಇಷ್ಟ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಯಾಕೆಂದರೆ ಇಷ್ಟವೇ ರೋಗದ ಮೂಲ ಎಂದು ಅನುಮಾನ. ಹಾಗಾದರೆ ಆಚಾರ್ಯ ನೋಡುವುದು ಏನನ್ನು? ಜಾತಕವನ್ನಲ್ಲ. ನಡೆಯುವುದನ್ನು, ಗುಡಿಸುವುದನ್ನು, ತಿನ್ನುವುದನ್ನು.

ಕ್ಷೇತ್ರಕಾರ್ಯ

ಮೊದಲು ಕಸಪೊರಕೆ ಪರೀಕ್ಷೆ. ರಾಗಸ್ವಭಾವದವನು ನಿಧಾನವಾಗಿ, ನೆಲಕ್ಕೆ ಹೂ ಹಾಸಿದ ಹಾಗೆ ಗುಡಿಸುತ್ತಾನೆ. ದ್ವೇಷದವನು ಪೊರಕೆಯನ್ನು ಬಿಗಿಹಿಡಿದು ಎರಡೂ ಕಡೆ ಮರಳು ಹಾರಿಸಿ ಬರಬರ ಸದ್ದು ಮಾಡುತ್ತಾನೆ. ಮೋಹದವನು ಸಡಿಲವಾಗಿ ಹಿಡಿದು ಇದ್ದ ಕಸವನ್ನೇ ಅತ್ತಿತ್ತ ಕದಡುತ್ತಾನೆ. ಮೂರೂ ತಾಲ್ಲೂಕುಗಳಲ್ಲಿ ಪೊರಕೆ ಹಿಡಿದ ಗಂಡಸರು ಸಾಕಷ್ಟು ಸಂಖ್ಯೆಯಲ್ಲಿ ಸಿಗದ ಕಾರಣ ಈ ಪರೀಕ್ಷೆಯನ್ನು ಕೈಬಿಡಲಾಯಿತು.

ಉಳಿದದ್ದು ಊಟದ ಪರೀಕ್ಷೆ. ಗ್ರಂಥದ ಪ್ರಕಾರ ರಾಗದವನು ಹದವಾದ ಗುಂಡನೆ ತುತ್ತು ಮಾಡಿ ರುಚಿ ನೋಡುತ್ತಾ ಉಣ್ಣುತ್ತಾನೆ. ದ್ವೇಷದವನು ಬಾಯಿ ತುಂಬ ತುರುಕುತ್ತಾನೆ, ರುಚಿ ಚೂರು ಕೆಟ್ಟರೆ ಸಿಡುಕುತ್ತಾನೆ. ಮೋಹದವನ ತುತ್ತಿಗೆ ಆಕಾರವಿಲ್ಲ. ಅಗುಳು ತಟ್ಟೆಗೆ ಉದುರುತ್ತದೆ, ಮುಖಕ್ಕೆ ಮೆತ್ತಿಕೊಳ್ಳುತ್ತದೆ, ಮನಸ್ಸು ಇನ್ನೆಲ್ಲೋ. ಪ್ರಬಂಧಕಾರ ಕಡೂರಿನ ಒಂದು ಮುದ್ದೆ ಹೋಟೆಲಿನ ಮೂಲೆಯ ಬೆಂಚು ಹಿಡಿದು ಮಧ್ಯಾಹ್ನದ ಊಟವನ್ನು ವೀಕ್ಷಿಸಿದ. ಆವಿ ಏಳುವ ಮುದ್ದೆ, ಮೇಲೆ ಹೆಬ್ಬೆರಳು ಒತ್ತಿ ಮಾಡಿದ ಗುಳಿ, ಗುಳಿಗೆ ಉಪ್ಸಾರಿನ ಖಾರ. ಕೈ ಸುಡುತ್ತಿದ್ದರೂ ಮುರಿಯುವುದು, ಬೆರಳ ತುದಿಯಲ್ಲಿ ಉರುಳಿಸುವುದು, ಸಾರಿನಲ್ಲಿ ಅದ್ದುವುದು, ಹಲ್ಲಿಗೆ ತಾಗಿಸದೆ ಗುಳುಕ್ಕನೆ ಇಳಿಸುವುದು. ಇಲ್ಲೇ ಶಾಸ್ತ್ರಕ್ಕೆ ತೊಡಕು ಬಿತ್ತು. ಬುದ್ಧಘೋಷ ಅನ್ನ ಉಣ್ಣುವವರನ್ನು ನೋಡಿ ಬರೆದವನು. ಮುದ್ದೆಯನ್ನು ಗುಂಡಗೆ ಮಾಡದೆ ನುಂಗಲು ಬರುವುದೇ ಇಲ್ಲ. ಹೀಗಾಗಿ ಇಡೀ ಕಡೂರು ತಾಲ್ಲೂಕು ರಾಗಸ್ವಭಾವದ್ದೆಂದು ತೀರ್ಮಾನವಾಯಿತು.

ರಾಗದವನಿಗೆ ಗ್ರಂಥ ಬರೆದುಕೊಡುವ ಪಥ್ಯ ಸಣ್ಣದಲ್ಲ. ಹೆಣದ ಹತ್ತು ಅವಸ್ಥೆಗಳು, ಜೊತೆಗೆ ತನ್ನ ಮೈಯೊಳಗಿನ ಕೂದಲು, ಉಗುರು, ಹಲ್ಲುಗಳ ಎಣಿಕೆ, ಧ್ಯಾನವಿಷಯಗಳು ಇವೇ. (ಮಳೆ ಹಿಡಿದ ವರ್ಷ ಅಜ್ಜಂಪುರದ ಈರುಳ್ಳಿ ರಾಶಿಯ ಮುಂದೆ ಕೂತ ರೈತನಿಗೆ ಉಬ್ಬುವುದು, ಬಣ್ಣಗೆಡುವುದು, ಸೋರುವುದು ಎಲ್ಲವೂ ಕ್ರಮವಾಗಿ ಕಣ್ಣಮುಂದೆಯೇ ನಡೆಯುತ್ತವೆ, ಅವನು ಸ್ಮಶಾನಕ್ಕೆ ಹೋಗಬೇಕಾಗಿಲ್ಲ.) ರಾಗದವನು ಇರಬೇಕಾದ ಮನೆ ಪಾಳುಬಿದ್ದು, ಬಾವಲಿ ತುಂಬಿ, ಧೂಳು ಮೆತ್ತಿ, ಹೋಗುವ ದಾರಿಯೂ ಕೆಟ್ಟಿರಬೇಕು. ಇಂಥ ಕಟ್ಟಡಗಳು ಮೂರೂ ತಾಲ್ಲೂಕಿನಲ್ಲಿ ಹೇರಳವಾಗಿವೆ, ಕೆಲವಕ್ಕೆ ಉದ್ಘಾಟನೆಯ ಕಲ್ಲೂ ಇದೆ. ಬಡಿಸುವವರು ನೋಡಲು ಚೆನ್ನಾಗಿರಕೂಡದು, ಊಟ ಹಳಸಲು. ಅವನು ಕೂರುವಂತೆಯೂ ಇಲ್ಲ. ನಿಂತೋ ನಡೆದೋ ಧ್ಯಾನ ಮಾಡಬೇಕು. ಬೀರೂರು ಜಂಕ್ಷನ್ನಿನಲ್ಲಿ ತರೀಕೆರೆಯಿಂದ ಇಳಿದು ಅಜ್ಜಂಪುರದ ಗಾಡಿಗೆ ಕಾಯುವವರು ಇದನ್ನು ಗುರೂಪದೇಶವಿಲ್ಲದೆಯೇ ಮಾಡುತ್ತಿದ್ದಾರೆ.

ದ್ವೇಷದವನ ಪಥ್ಯ ಬೇರೆ. ಸುಣ್ಣ ಬಣ್ಣದ ಅಂದವಾದ ಮನೆ, ನೆರಳು, ನೀರು, ಹೂವಿನ ಪರಿಮಳ. ರುಚಿಕಟ್ಟಾದ ಊಟ, ಬಡಿಸಲು ನೋಡಲು ಚೆನ್ನಾಗಿರುವವರು. ಧ್ಯಾನಕ್ಕೆ ಮೈತ್ರಿ, ಕರುಣೆ ಮುಂತಾದ ನಾಲ್ಕು, ನೀಲಿ ಹಳದಿ ಕೆಂಪು ಬಿಳಿಯ ನಾಲ್ಕು ಬಣ್ಣ. ಭಂಗಿ: ಕೂತಿರಬಹುದು, ಮಲಗಿಯೂ ಇರಬಹುದು.

ಪ್ರಬಂಧಕಾರ ಈ ಎರಡೂ ಪಥ್ಯಗಳನ್ನು ಹೋಟೆಲಿನಲ್ಲಿ ಜೋರಾಗಿ ಓದಿ ಹೇಳಿದ. ಮಾರನೆಯ ದಿನದಿಂದ ಊಟದ ಚಿತ್ರವೇ ಬದಲಾಯಿತು. ಹದವಾಗಿ ಉಣ್ಣುತ್ತಿದ್ದ ಹಿರಿಯರು ಅಂಗೈಯಗಲದ ತುತ್ತು ತುರುಕಿ ಕೆಮ್ಮತೊಡಗಿದರು. ಜೀವಮಾನದಲ್ಲಿ ಏರುದನಿ ಎತ್ತದ ನಿವೃತ್ತ ಮೇಷ್ಟ್ರೊಬ್ಬರು ಸಾರು ಸಪ್ಪೆ ಎಂದು ಲೋಟ ಕುಕ್ಕಿ, ಆಮೇಲೆ ಯಾರೂ ನೋಡದಾಗ ಅದನ್ನು ನೆಟ್ಟಗಿಟ್ಟರು. ಎಲ್ಲರಿಗೂ ಮಲಗಿ ಮಾಡುವ ಧ್ಯಾನವೇ ಬೇಕು.

ಬುದ್ಧಘೋಷ ಇದನ್ನೂ ಮೊದಲೇ ಕಂಡಿದ್ದ. ಪುಟಗಟ್ಟಲೆ ಲಕ್ಷಣ ಬರೆದ ಮೇಲೆ ಅವನೇ ಹೇಳುತ್ತಾನೆ: ಇವು ಮೂಲಪಾಠದಲ್ಲೂ, ಅದರ ವ್ಯಾಖ್ಯಾನಗಳಾದ ಅಟ್ಟಕಥೆಗಳಲ್ಲೂ ಪೂರ್ತಿಯಾಗಿ ಇಲ್ಲ, ಗುರುಗಳು ಹೇಳಿದ್ದಷ್ಟೆ, ನೆಚ್ಚಬೇಡಿ, ದ್ವೇಷದವನೂ ಮನಸ್ಸು ಮಾಡಿದರೆ ರಾಗದವನ ಹಾಗೆ ನಡೆದು ತೋರಿಸಬಲ್ಲ. ತನ್ನ ಅಧ್ಯಾಯದ ಬುಡಕ್ಕೆ ತಾನೇ ಕೊಡಲಿ ಹಾಕಿಕೊಂಡ ಇಂಥ ಪ್ರಾಮಾಣಿಕತೆ ಇವತ್ತಿನ ಪಿಎಚ್‌ಡಿಗಳಲ್ಲಿ ಕಾಣುವುದು ಕಷ್ಟ, ಮಾರ್ಗದರ್ಶಕರು ಬಿಡುವುದಿಲ್ಲ. ಪರಚಿತ್ತ ಅರಿಯಬಲ್ಲ ಗುರು ಸಿಕ್ಕರೆ ಸರಿ, ಇಲ್ಲದಿದ್ದರೆ ಶಿಷ್ಯನನ್ನು ವಿಚಾರಿಸಿ ತಿಳಿಯಬೇಕು ಎಂಬುದು ಅವನ ಕೊನೆಯ ಮಾತು.

ಪರಚಿತ್ತ ಅರಿಯಬಲ್ಲವರು ಮಾತ್ರ ಅದೇ ಹೋಟೆಲಿನಲ್ಲಿ ಸೌಟು ಹಿಡಿದು ನಿಂತಿದ್ದರು. ಬಡಿಸುವ ಅಕ್ಕ ಪ್ರಬಂಧಕಾರನ ಟಿಪ್ಪಣಿ ಪುಸ್ತಕ ನೋಡಿ ನಕ್ಕು ಹೇಳಿದ್ದಿಷ್ಟು: "ಅಯ್ಯೋ, ಇವರು ಉಣ್ಣೋದ್ ನೋಡಿದ್ರೆ ಏನ್ ಗೊತ್ತಾಗುತ್ತೆ ಸ್ವಾಮಿ? ಮುದ್ದೆ ಖಾಲಿ ಆಯ್ತು ಅಂತ ಹೇಳಿ ನೋಡಿ. ಆ ಅಣ್ಣ ನಾಳೆ ಬರ್ತೀನಿ ಅಂತ ಎದ್ ಹೋಗ್ತಾರೆ. ಈ ಮೇಷ್ಟ್ರು ಅನ್ನ ಹಾಕವ್ವ ಅಂತಾರೆ. ಅಕೋ ಆ ಬಿಳಿ ಅಂಗಿಯೋರು ನನ್ ಹತ್ರ ಏನೂ ಅನ್ನಲ್ಲ, ಹೊರಗ್ ಹೋಗಿ ಊರಿಗೆಲ್ಲ ಹೇಳ್ತಾರೆ." ವಿಸುದ್ಧಿಮಗ್ಗದ ಇಡೀ ಮೂರನೆಯ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಪ್ರಬಂಧಕಾರನ ಗಮನಕ್ಕೆ ಬಂದಿಲ್ಲ. ಆಕಾಂಕ್ಷಿಗಳು ಆ್ಯಪ್ ತೆಗೆದುಹಾಕಿ, ತಮಗೆ ವರ್ಷಗಟ್ಟಲೆ ಬಡಿಸಿದವರನ್ನು ಹೋಗಿ ಕೇಳತಕ್ಕದ್ದು. ಉತ್ತರ ಹಿತವಾಗಿರುತ್ತದೆಂಬ ಭರವಸೆಯನ್ನು ಪ್ರಬಂಧ ಕೊಡುವುದಿಲ್ಲ.

ಮಣ್ಣಿನ ಪ್ರಶ್ನೆ

ಸ್ವಭಾವ ಯಾವುದೇ ಇರಲಿ, ಎಲ್ಲರಿಗೂ ಆಗುವ ವಿಷಯಗಳೂ ಕೆಲವಿವೆ. ಅದರಲ್ಲೊಂದು ಮಣ್ಣಿನ ಬಿಲ್ಲೆ. ಒಂದು ಗೇಣು ನಾಲ್ಕು ಬೆರಳು ಅಗಲ. ಎರಡೂವರೆ ಮೊಳ ದೂರದಲ್ಲಿ ಕೂತು ನೋಡಬೇಕು. ಮಣ್ಣು ಅರುಣೋದಯದ ಬಣ್ಣದ್ದಾಗಿರಬೇಕು. ಪ್ರಬಂಧಕಾರ ಕೂಡಲೇ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರು ಬರೆದುಕೊಂಡ. ಆದರೆ ಅಪ್ಪಟ ಕೆಂಪು ಬೆರೆತರೆ ದೋಷ ಎಂದು ಅದರ ಹಿಂದಿನ ಸಾಲಿನಲ್ಲೇ ಇದೆ. ಆ ಬೆಟ್ಟದ ಅದಿರನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆ ರೋಪ್‌ವೇಯಲ್ಲಿ ಇಳಿಸಿಕೊಂಡದ್ದು ಸರಿಯೇ ಆಯಿತು.

ಬುದ್ಧಘೋಷನ ಊರು

ಇನ್ನು ಪ್ರಬಂಧದ ಮುಖ್ಯ ಶೋಧನೆ. ಮೋಹ, ವಿತರ್ಕ ಸ್ವಭಾವದವರಿಗೆ, ಅಂದರೆ ಆ್ಯಪ್ ಬದಲಾಯಿಸುತ್ತಲೇ ಇರುವವರಿಗೆ, ಹೇಳಿರುವುದು ಉಸಿರೆಣಿಕೆ. ಐದಕ್ಕಿಂತ ಮುಂಚೆ ನಿಲ್ಲಿಸಬಾರದು, ಹತ್ತು ದಾಟಬಾರದು. ಐದಕ್ಕಿಂತ ಕಡಿಮೆಯಾದರೆ ಇಕ್ಕಟ್ಟಿನ ದೊಡ್ಡಿಯಲ್ಲಿ ಕೂಡಿದ ದನಗಳ ಹಾಗೆ ಮನಸ್ಸು ಒದ್ದಾಡುತ್ತದೆ. ಹತ್ತು ದಾಟಿದರೆ ಅದು ಉಸಿರು ಬಿಟ್ಟು ಲೆಕ್ಕಕ್ಕೆ ಜೋತುಬೀಳುತ್ತದೆ. ಮೊದಲು ಕಾಳು ಅಳೆಯುವವನ ಹಾಗೆ ನಿಧಾನವಾಗಿ, ಆಮೇಲೆ ದನಗಾಹಿಯ ಹಾಗೆ ಬೇಗ ಎಣಿಸಬೇಕು. ಬೆಳಿಗ್ಗೆ ಕೋಲು ಹಿಡಿದು, ಮಡಿಲಲ್ಲಿ ಹರಳು ಕಟ್ಟಿಕೊಂಡು ದೊಡ್ಡಿ ಬಾಗಿಲ ಅಡ್ಡಮರದ ಮೇಲೆ ಕೂತು, ಬಾಗಿಲಿಗೆ ಬಂದ ಒಂದೊಂದು ದನಕ್ಕೆ ಒಂದೊಂದು ಹರಳು ಹಾಕುತ್ತಾ ಎಣಿಸುವ ದನಗಾಹಿಯ ಚಿತ್ರ ಗ್ರಂಥದಲ್ಲಿ ಕಣ್ಣಿಗೆ ಕಟ್ಟಿದಂತಿದೆ.

ಇದು ಅಜ್ಜಂಪುರವಲ್ಲದೆ ಇನ್ನೇನು? ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿದ ದನಗಳ ಕಾವಲು, ತಳಿ ಕೇಂದ್ರ ಅಲ್ಲೇ ಇವೆ. ಹಿಂದಕ್ಕೆ ಬಾಗಿದ ಚೂಪು ಕೊಂಬಿನ, ಗುರುತಿಲ್ಲದವರನ್ನು ಹತ್ತಿರ ಬಿಡದ ಆ ದನಗಳನ್ನು ಎಣಿಸುವವನಿಗೆ ಚಿತ್ತ ಅತ್ತಿತ್ತ ಹೋಗಲು ಪುರಸೊತ್ತೇ ಇಲ್ಲ. ಬುದ್ಧಘೋಷನ ಹುಟ್ಟೂರು ಹೇಗೂ ತೀರ್ಮಾನವಾಗಿಲ್ಲ: ಬೋಧಗಯೆಯ ಹತ್ತಿರ ಎಂದು ಸಿಂಹಳದ ವಂಶಕಥೆ, ತಮ್ಮವನೇ ಎಂದು ಬರ್ಮಾದವರು, ಆಂಧ್ರದವನು ಎಂದು ಕೆಲವು ವಿದ್ವಾಂಸರು. ಎಲ್ಲರಿಗೂ ಇರುವ ಹಕ್ಕು ಅಜ್ಜಂಪುರಕ್ಕೂ ಇದೆ. ಅಮೃತಮಹಲಿಗೂ ಅವನಿಗೂ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಲ್ಲವೇ ಎಂದು ಆಕ್ಷೇಪಿಸುವವರು ಊರಿನ ಅಭಿಮಾನವಿಲ್ಲದವರು.

ಈ ಶೋಧನೆಗೆ ತಕರಾರು ಬಂದಿರುವುದು ತರೀಕೆರೆಯಿಂದ. ಅಜ್ಜಂಪುರ ಮೊನ್ನೆ ಮೊನ್ನೆಯವರೆಗೂ ತಮ್ಮ ತಾಲ್ಲೂಕಿನ ಹೋಬಳಿಯಾಗಿತ್ತು, ಆದ್ದರಿಂದ ಬುದ್ಧಘೋಷನೂ ತಮ್ಮವನು ಎಂಬುದು ಅವರ ಮೊದಲ ವಾದ. ಎರಡನೆಯದು ಇನ್ನೂ ಗಟ್ಟಿ. ನಾಲಿಗೆ ಹೊರಳಲೆಂದು ಕನ್ನಡದ ಮಕ್ಕಳೆಲ್ಲ ಹೇಳಿ ಎಡವುವ ಮಾತೊಂದಿದೆಯಲ್ಲ, ತರೀಕೆರೆಯ ಕೆರೆ ಏರಿಯ ಮೇಲೆ ಮೇಯುವ ಆ ಮೂರು ಕಪ್ಪು ಕುರಿಮರಿಗಳದ್ದು. ಅದನ್ನು ವೇಗವಾಗಿ ಹೇಳುವಾಗ ಬೇರೆ ಯಾವ ಯೋಚನೆಯೂ ತಲೆಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಎಣಿಕೆಯ ಧ್ಯಾನಕ್ಕೆ ಮೂಲ ತರೀಕೆರೆಯೇ ಎನ್ನುತ್ತಾರೆ. ಐದಕ್ಕಿಂತ ಮುಂಚೆ ಎಣಿಕೆ ನಿಲ್ಲಿಸಬಾರದು, ಮರಿಗಳು ಮೂರೇ, ಎಂದು ಪ್ರಬಂಧಕಾರ ಗ್ರಂಥ ತೆರೆದು ತೋರಿಸಿದ. ಇನ್ನೆರಡು ಏರಿಯ ಆಚೆ ಇಳಿಜಾರಿನಲ್ಲಿ ಮೇಯುತ್ತಿದ್ದವು, ಮಾತು ಕಟ್ಟಿದವನು ನಿಂತ ಕಡೆಯಿಂದ ಕಾಣುತ್ತಿರಲಿಲ್ಲ ಎಂದು ತರೀಕೆರೆಯವರು ಉತ್ತರ ಬರೆದಿದ್ದಾರೆ. ಸ್ಥಳ ಪರಿಶೀಲನೆಗೆ ದಿನ ಗೊತ್ತುಮಾಡಬೇಕಾಗಿದೆ.