ಶ್ರುತಿ ಕೂಡಿಸುವಷ್ಟರಲ್ಲಿ ಪರೀಕ್ಷೆ

ಅಕ್ಕನ ಮಗ ಶಿವಮೊಗ್ಗದ ನಮ್ಮ ಮನೆಯಲ್ಲಿದ್ದುಕೊಂಡು ಎರಡನೇ ಪಿಯುಸಿ ಓದುತ್ತಿದ್ದಾನೆ. 'ಓದುತ್ತಿದ್ದಾನೆ' ಎನ್ನುವುದು ಅಕ್ಕ ಫೋನ್ ಮಾಡಿದಾಗ ನಾವು ಹೇಳುವ ಮಾತು. ನಿಜ ಹೇಳಬೇಕೆಂದರೆ, ಓದುವಾಗ ಯಾವ ಸಂಗೀತ ಕೇಳಬೇಕು ಎಂದು ಆರಿಸುತ್ತಿದ್ದಾನೆ. ಜನವರಿಯಲ್ಲಿ ಹಿಡಿದ ಕೆಲಸ, ಫೆಬ್ರವರಿ ಕಳೆದರೂ ಮುಗಿದಿರಲಿಲ್ಲ. ಭೌತಶಾಸ್ತ್ರಕ್ಕೊಂದು ಪ್ಲೇಲಿಸ್ಟ್, ರಸಾಯನಶಾಸ್ತ್ರಕ್ಕೊಂದು, ಗಣಿತಕ್ಕೆ ಎರಡು. ಕ್ಯಾಲ್ಕುಲಸ್‌ಗೆ ಬೇರೆ ಲಯ ಬೇಕಂತೆ. ಕನ್ನಡಕ್ಕೆ ಮಾತ್ರ ಏನೂ ಇಲ್ಲ. ಅದನ್ನು ಹೇಗೂ ಹಿಂದಿನ ದಿನ ನೋಡಿಕೊಂಡರಾಯಿತು ಎಂದ.

ಒಂದು ಸಂಜೆ "ಇದು ಫೋಕಸ್‌ಗೆ, ಕೇಳಿ ಮಾವ" ಎಂದು ಹೆಡ್‌ಫೋನನ್ನು ನನ್ನ ಕಿವಿಗಿಟ್ಟ. ಮಳೆ ಸುರಿಯುತ್ತಿತ್ತು. ಎಂಟು ಗಂಟೆಯ ಮಳೆ, ಆಗೊಮ್ಮೆ ಈಗೊಮ್ಮೆ ದೂರದ ಗುಡುಗು. ಈ ಮಹಾಶಯನ ಊರು ಆಗುಂಬೆ ಪಕ್ಕದ ಹಳ್ಳಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ. ಹೆಂಚಿನ ಮೇಲಿನ ಆ ಸದ್ದಿನಲ್ಲಿ ಹುಡುಗ ಹೇಗೆ ಓದಿಯಾನು ಎಂದೇ ಅಕ್ಕ ಅವನನ್ನು ಇಲ್ಲಿಗೆ ಕಳಿಸಿದ್ದು. ಇಲ್ಲಿ ಕೂತು ಅವನು ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟಿ ಯಾವುದೋ ದೇಶದ ಮಳೆ ಕೇಳುತ್ತಿದ್ದಾನೆ. ದುಡ್ಡು ಕಟ್ಟದಿದ್ದರೆ ಮಳೆಯ ನಡುವೆ ಕೋಚಿಂಗ್ ಸೆಂಟರಿನ ಜಾಹೀರಾತು ಬರುತ್ತದಂತೆ. ಗುಡುಗಿಗೆ ಕೆಡದ ಏಕಾಗ್ರತೆ ರ‍್ಯಾಂಕ್ ಬಂದವರ ಫೋಟೊ ನೋಡಿದರೆ ಕೆಡುತ್ತದೆ.

ಮಳೆಗೆ ಬೇಸರ ಬಂದರೆ 'ಲೋ-ಫೈ ಗರ್ಲ್'. ಯೂಟ್ಯೂಬಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಬರೆಯುತ್ತ ಕೂತಿರುವ ಚಿತ್ರದ ಹುಡುಗಿ, ಕಿಟಕಿಯಲ್ಲೊಂದು ಬೆಕ್ಕು. 2020ರ ಫೆಬ್ರವರಿಯಲ್ಲಿ ಆ ನೇರಪ್ರಸಾರ ಒಮ್ಮೆ ಕಡಿದು ಹೋದಾಗಲೇ 13,000 ಗಂಟೆ ದಾಟಿತ್ತು. ಮತ್ತೆ ಶುರುವಾಯಿತು. 2022ರ ಜುಲೈಯಲ್ಲಿ ಯಾರೋ ಕೊಟ್ಟ ಸುಳ್ಳು ಹಕ್ಕುಸ್ವಾಮ್ಯದ ದೂರಿನಿಂದ ಪುನಃ ನಿಂತು, ಪುನಃ ಹೊರಟಿತು. ಪಾಪದ ಹುಡುಗಿ ಇಷ್ಟು ವರ್ಷವಾದರೂ ತಲೆ ಎತ್ತಿಲ್ಲ, ಒಂದು ಪರೀಕ್ಷೆಗೂ ಹೋದ ಹಾಗೆ ಕಾಣುವುದಿಲ್ಲ. ಪಾಸಾಗಲು ಮಾರ್ಗದರ್ಶನಕ್ಕೆಂದು ಲಕ್ಷಗಟ್ಟಲೆ ಮಕ್ಕಳು ಅವಳ ಎದುರು ಕೂತಿದ್ದಾರೆ.

ಇದಕ್ಕೆಲ್ಲ ಆಧಾರ ಏನಪ್ಪಾ ಎಂದರೆ ಹುಡುಗ ಮೊಜಾರ್ಟನನ್ನು ಮುಂದೆ ತಂದು ನಿಲ್ಲಿಸಿದ. ಅದರ ಕಥೆ ಹೀಗಿದೆ. 1993ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದ ಫ್ರಾನ್ಸೆಸ್ ರೌಷರ್ ಮತ್ತು ಜೊತೆಗಾರರು 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಎರಡು ಪಿಯಾನೊಗಳ ಸೊನಾಟಾವನ್ನು ಹತ್ತು ನಿಮಿಷ ಕೇಳಿಸಿದರು. ಆಮೇಲೆ ಮಡಿಚಿ ಕತ್ತರಿಸಿದ ಕಾಗದವನ್ನು ಬಿಚ್ಚಿದರೆ ಹೇಗೆ ಕಂಡೀತು ಎಂಬಂಥ ಪ್ರಶ್ನೆ ಕೇಳಿದರು. ಕೇಳಿದವರು ಸ್ವಲ್ಪ ಚುರುಕಾಗಿ ಉತ್ತರಿಸಿದರು. ಆ ಚುರುಕು ಹತ್ತು ಹದಿನೈದು ನಿಮಿಷದಲ್ಲಿ ಇಳಿದುಹೋಯಿತು. 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ಇಷ್ಟೇ. ಕಾಗದ ಮಡಿಚುವ ಕೌಶಲ ನಮ್ಮ ಪರೀಕ್ಷೆಯಲ್ಲಿ ಯಾರಿಗೆ ಉಪಯೋಗಕ್ಕೆ ಬರುತ್ತದೆ? ಚೀಟಿ ಮಾಡುವವರಿಗೆ. ಅದೂ ಪ್ರಶ್ನೆಪತ್ರಿಕೆ ಕೈಗೆ ಬರುವಷ್ಟರಲ್ಲಿ ಇಳಿದಿರುತ್ತದೆ.

ಆದರೆ ಸಣ್ಣ ಸುದ್ದಿಗೆ ದೊಡ್ಡ ಬಾಯಿ. ಮೊಜಾರ್ಟ್ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎಂದು ಪುಸ್ತಕ ಬಂತು, ಸಿಡಿ ಬಂತು, ಹೊಟ್ಟೆಯೊಳಗಿನ ಕೂಸಿಗೆ ಕೇಳಿಸುವ ಸಾಮಾನೂ ಬಂತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತ ಹಂಚಲು ಬಜೆಟ್ಟಿನಲ್ಲಿ 1,05,000 ಡಾಲರ್ ಕೇಳಿದರು. ನಮ್ಮಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟರು. ಸೈಕಲ್ ತುಳಿದರೆ ಶಾಲೆಯನ್ನಾದರೂ ಮುಟ್ಟಬಹುದು. 1999ರಲ್ಲಿ ಅದೇ 'ನೇಚರ್' ಪತ್ರಿಕೆಯಲ್ಲಿ, ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದರೆ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ ಎಂಬ ಲೆಕ್ಕ ಬಂತು. ಅದಕ್ಕೆ ಯಾರೂ ಸಿಡಿ ಮಾಡಲಿಲ್ಲ.

ಮನೆಮಂದಿಯೂ ಸುಮ್ಮನಿರಲಿಲ್ಲ. ಅಮ್ಮ ಹಯಗ್ರೀವ ಸ್ತೋತ್ರ ಹಾಕು ಎಂದಳು. ನಾನು ಕೊಂಚ ಸಂಗೀತ ಬಲ್ಲವನೆಂಬ ಜಂಬದಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಸೂಚಿಸಿದೆ. ಆಮೇಲೆ ಅತಿಬುದ್ಧಿಯಿಂದ ಎಲ್ಲಿಂದಲೋ ನೀಲಾಂಬರಿ ಹುಡುಕಿ ಹಾಕಿದೆ. ನೀಲಾಂಬರಿ ಜೋಗುಳದ ರಾಗ. ಹುಡುಗ ಎಲೆಕ್ಟ್ರೋಸ್ಟ್ಯಾಟಿಕ್ಸ್ ಮೇಲೆ ಕೆನ್ನೆಯಿಟ್ಟು ಬೆಳಗಿನವರೆಗೆ ನಿದ್ದೆ ಹೊಡೆದ. ಕಸದ ಗಾಡಿ ಹಾಡು ಹಾಕಿಕೊಂಡು ಬೀದಿಗೆ ಬಂದಾಗಲೇ ಎಚ್ಚರವಾದದ್ದು. ಆ ಹಾಡು ಮಾತ್ರ ಅವನಿಗೆ ಪೂರ್ತಿ ಬಾಯಿಪಾಠ, ಯಾವ ಪ್ಲೇಲಿಸ್ಟಿಗೂ ಹಾಕದೆ.

"ಸರಸ್ವತಿ ಕೈಯಲ್ಲೇ ವೀಣೆ ಇದೆಯಲ್ಲ ಅಜ್ಜಿ" ಎಂದು ಅವನು ವಾದ ಹೂಡಿದ.

"ಅವಳಿಗೆ ನಾಲ್ಕು ಕೈ ಕಣೋ. ಎರಡು ವೀಣೆಗೆ, ಒಂದು ಪುಸ್ತಕಕ್ಕೆ, ಒಂದು ಜಪಸರಕ್ಕೆ. ನಿನಗಿರೋದು ಎರಡು, ಎರಡರಲ್ಲೂ ಮೊಬೈಲು" ಎಂದಳು ಅಮ್ಮ.

ಅಮ್ಮ ಓದಿದ್ದು ಲೋವರ್ ಸೆಕೆಂಡರಿ. ಮನಶ್ಶಾಸ್ತ್ರಜ್ಞರು ಇದೇ ಮಾತಿಗೆ ಬರಲು ಪ್ರಯೋಗಾಲಯ ಕಟ್ಟಬೇಕಾಯಿತು. ಓದಿದ್ದನ್ನು ಮನಸ್ಸು ಒಳಗೊಳಗೇ ಉಚ್ಚರಿಸಿ ಹಿಡಿದುಕೊಳ್ಳುತ್ತದೆ, ಕಿವಿಯಲ್ಲಿ ಬಿದ್ದ ಮಾತು ಅದೇ ಜಾಗಕ್ಕೆ ನುಗ್ಗಿ ಅದನ್ನು ತಳ್ಳುತ್ತದೆ ಎಂದು ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮುಂತಾದವರು ವಿವರಿಸಿದ್ದಾರೆ. 2011ರಲ್ಲಿ ಬಂದ ಇನ್ನೊಂದು ಅಧ್ಯಯನ ಇನ್ನೂ ನಿಷ್ಠುರ: ಒಂದರ ಹಿಂದೊಂದು ಅಕ್ಷರಗಳನ್ನು ಕ್ರಮವಾಗಿ ನೆನಪಿಡುವ ಕೆಲಸಕ್ಕೆ ಇಷ್ಟದ ಸಂಗೀತವೂ ಅಡ್ಡಿ, ಇಷ್ಟವಿಲ್ಲದ್ದೂ ಅಷ್ಟೇ ಅಡ್ಡಿ. ಅಲ್ಲಿಗೆ ಅವನ ಲೋ-ಫೈ, ನನ್ನ ವೀಣೆ, ಅಮ್ಮನ ಹಯಗ್ರೀವ ಎಲ್ಲವೂ ಒಂದೇ ಏಟಿಗೆ ಫೇಲು. ಪಾಸಾದದ್ದು ಮೌನ ಒಂದೇ. ಅದಕ್ಕೆ ಆ್ಯಪ್ ಇಲ್ಲ, ಹಾಗಾಗಿ ಹುಡುಗರ ಕಣ್ಣಿಗೆ ಬಿದ್ದಿಲ್ಲ.

'ನಮ್ಮ ಕಾಲದಲ್ಲಿ' ಎಂದು ಶುರುಮಾಡುವ ಆಸೆ ನನಗೂ ಆಗುತ್ತದೆ. ಭದ್ರಾವತಿ ಆಕಾಶವಾಣಿ ಏನು ಕೊಟ್ಟರೆ ಅದು. ಚಿತ್ರಗೀತೆ ಬಂದರೆ ಚಿತ್ರಗೀತೆ, ಕೃಷಿರಂಗ ಬಂದರೆ ಅಡಿಕೆಯ ಕೊಳೆರೋಗ. ಆರಿಸುವ ಕಷ್ಟವೇ ಇರಲಿಲ್ಲ, ಉಳಿದ ಸಮಯದಲ್ಲಿ ಓದುತ್ತಿದ್ದೆವು. ಹೀಗೆ ಹೇಳುತ್ತ ಎದೆಯುಬ್ಬಿಸುವ ಹೊತ್ತಿಗೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಯಾವ ಪೆಟ್ಟಿಗೆಯಲ್ಲಿದೆ ಎಂದು ಹೆಂಡತಿಗೆ ಗೊತ್ತಿರುವುದು ನೆನಪಾಗುತ್ತದೆ. ಗಣಿತದಲ್ಲಿ 41. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವ ಪ್ರಮಾಣದಲ್ಲಿ ಕಲೆಸಬೇಕು ಎಂಬುದು ಮಾತ್ರ ಇವತ್ತಿಗೂ ಮರೆತಿಲ್ಲ.

ಪರೀಕ್ಷೆ ಬಂತು. ಕೊಠಡಿಯೊಳಗೆ ಮಳೆ ಇಲ್ಲ, ಬೆಕ್ಕಿಲ್ಲ. ಕಿರುಗುಟ್ಟುವ ಫ್ಯಾನು, ಮೇಲ್ವಿಚಾರಕರ ಚಪ್ಪಲಿ ಸದ್ದು, ಹಿಂದಿನ ಬೆಂಚಿನ ಕೆಮ್ಮು. ಮೊದಲ ದಿನ ಹೊರಬಂದವನು "ಒಳಗಡೆ ತುಂಬಾ ಸೈಲೆಂಟ್ ಮಾವ, ಏನೂ ಹೊಳೀಲಿಲ್ಲ" ಎಂದ. ಪಾಪ, ಅಷ್ಟು ಸದ್ದಿಲ್ಲದ ಜಾಗದಲ್ಲಿ ಅವನೂ ಪುಸ್ತಕವೂ ಮುಖಾಮುಖಿಯಾದದ್ದು ಆ ವರ್ಷದಲ್ಲಿ ಅದೇ ಮೊದಲಿರಬೇಕು, ಅದೂ ಪುಸ್ತಕ ಹೊರಗಿಟ್ಟು ಬಂದ ಮೇಲೆ.

ಈಗ ಸರ್ಕಾರ ಉದಾರಿ. ಪರೀಕ್ಷೆ-1 ಕೈಕೊಟ್ಟರೆ ಪರೀಕ್ಷೆ-2. ನಿನ್ನೆ ರಾತ್ರಿ ಹನ್ನೊಂದು ದಾಟಿದರೂ ಅವನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಛಲ ಬಂದಿದೆ ಎಂದು ಖುಷಿಯಾಗಿ ಹಾಲು ಹಿಡಿದು ಹೋದೆ. ಹುಡುಗ ಬೆವರುತ್ತ ಕೂತಿದ್ದ. ಪರೀಕ್ಷೆ-2ರ ಅರ್ಜಿ ಇನ್ನೂ ತುಂಬಿರಲಿಲ್ಲ. ಅದರ ಪ್ಲೇಲಿಸ್ಟಿನಲ್ಲಿ 64 ಹಾಡಾಗಿತ್ತು.